ಗುತ್ತಿಯ ಕಟ್ಟಿಗೆ ರಾಶಿಯಿಂದ ಹೊರಟ ನೀಲಿ ಜೇಡ

ಬಳ್ಳಾರಿಯಿಂದ ಗುಂತಕಲ್ಲಿಗೆ ಹೋಗಿ, ಅಲ್ಲಿ ಕಡಪ ಕಡೆಯ ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೇ ಗುತ್ತಿ ಬರುತ್ತದೆ. ಹೈದರಾಲಿ ಗೆದ್ದುಕೊಂಡ ದೊಡ್ಡ ಕೋಟೆಯ ಊರು. ಇವತ್ತು ಆಂಧ್ರದ ಅನಂತಪುರ ಜಿಲ್ಲೆಯಲ್ಲಿದ್ದರೂ 1882ರವರೆಗೆ ಗುತ್ತಿ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ನಮ್ಮಲ್ಲಿ ಬಹಳ ಜನ ಈ ಊರನ್ನು ರೈಲಿನ ಕಿಟಕಿಯಿಂದ ನೋಡಿರುತ್ತಾರೆ, ಅಷ್ಟೇ. ಆದರೆ ಜರ್ಮನಿ, ಇಂಗ್ಲೆಂಡ್, ಅಮೆರಿಕದಲ್ಲಿ ಬೆಂಗಳೂರಿನ ಹೆಸರು ಕೇಳದವರೂ 'ಗೂಟಿ' ಎಂಬ ಹೆಸರು ಬಲ್ಲರು. ಅವರು ಮನೆಯಲ್ಲಿ ಜೇಡ ಸಾಕುವವರು. ಅವರ ಲೋಕದಲ್ಲಿ ಎಲ್ಲಕ್ಕಿಂತ ಚೆಂದದ ಜೇಡದ ಹೆಸರು 'ಗೂಟಿ ಸಫೈರ್', ಅಂದರೆ ಗುತ್ತಿಯ ನೀಲಮಣಿ.

ಜೇಡವನ್ನು ಯಾರಾದರೂ ಸಾಕುತ್ತಾರೆಯೇ ಎಂದು ನಗಬೇಡಿ. ಸಾಕುತ್ತಾರೆ, ಮರಿ ಮಾಡಿಸುತ್ತಾರೆ, ಮಾರುತ್ತಾರೆ. ಆ ಹವ್ಯಾಸದ ಚರಿತ್ರೆಯಲ್ಲಿ ನಮ್ಮ ಕಡೆಯ ಕಾಡಿಗೆ ಸಿಕ್ಕ ಪಾಲು ಎಷ್ಟು ಎಂಬುದೇ ಈ ಬರಹದ ವಿಷಯ.

ಮೊದಲು ಹೆಸರಿನ ಮಾತು ಮುಗಿಸಿಬಿಡೋಣ. ಟರಾಂಟುಲಾ ಎಂಬ ಹೆಸರು ಬಂದದ್ದು ಇಟಲಿಯ ಟರಾಂಟೊ ಎಂಬ ಊರಿನಿಂದ. ಅಲ್ಲಿ ಆ ಹೆಸರು ಇದ್ದದ್ದು ಬೇರೆ ಜಾತಿಯ ಜೇಡಕ್ಕೆ. ಆಮೇಲೆ ಯುರೋಪಿನವರು ಬೇರೆ ಖಂಡಗಳಿಗೆ ಹೋಗಿ, ಮೈತುಂಬ ಕೂದಲಿರುವ ಅಂಗೈ ಅಗಲದ ಜೇಡಗಳನ್ನು ಕಂಡು ಅವಕ್ಕೂ ಅದೇ ಹೆಸರು ಅಂಟಿಸಿದರು.

ಸಾಕಿದ ಮೊದಲಿಗರು ಯಾರು? ನನಗೆ ಇಷ್ಟವಾದ ಉತ್ತರ ಅಮೆಜಾನ್ ಕಾಡಿನ ಮಕ್ಕಳು. ಇಂಗ್ಲೆಂಡಿನ ಹೆನ್ರಿ ವಾಲ್ಟರ್ ಬೇಟ್ಸ್ 1848ರಿಂದ 11 ವರ್ಷ ಅಮೆಜಾನ್ ಸೀಮೆಯಲ್ಲಿ ಹುಳಹುಪ್ಪಟೆ ಸಂಗ್ರಹಿಸುತ್ತ ಅಲೆದ. ಅವನಿಗೆ ಜೀವಿಗಳನ್ನು ಹಿಡಿದುಕೊಡುತ್ತಿದ್ದ ಒಂದು ಮೂಲನಿವಾಸಿ ಕುಟುಂಬದ ಮಕ್ಕಳು, ದೊಡ್ಡ ಜೇಡವೊಂದರ ಸೊಂಟಕ್ಕೆ ದಾರ ಕಟ್ಟಿ ಮನೆಯೊಳಗೆ ನಾಯಿಯಂತೆ ನಡೆಸಿಕೊಂಡು ಓಡಾಡುತ್ತಿದ್ದುದನ್ನು ಅವನು 1863ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿ ಹಾರಿಸಿದ ನಮಗೆ ಆ ಮಕ್ಕಳು ಅಪರಿಚಿತರೇನೂ ಅಲ್ಲ.

ದೊಡ್ಡವರ ಹವ್ಯಾಸವಾಗಲು ಇನ್ನೂ ನೂರು ವರ್ಷ ಬೇಕಾಯಿತು. ಅಮೆರಿಕದ ಅರ್ಕಾನ್ಸಾ ವಿಶ್ವವಿದ್ಯಾಲಯದ ವಿಲಿಯಂ ಬೇರ್ಗ್ ಎಂಬ ಪ್ರಾಧ್ಯಾಪಕ ವರ್ಷಗಟ್ಟಲೆ ಈ ಜೇಡಗಳನ್ನು ಸಾಕಿ ನೋಡಿದ. ವಿಷ ಎಷ್ಟಿದೆ ಎಂದು ತಿಳಿಯಲು ತನ್ನ ಕೈಗೇ ಕಚ್ಚಿಸಿಕೊಂಡ. ಅಲ್ಲಿನ ಹೆಣ್ಣು ಜೇಡ 20 ವರ್ಷಕ್ಕೂ ಹೆಚ್ಚು ಬದುಕಬಲ್ಲದು ಎಂದು ತಿಳಿದದ್ದು ಇಂಥ ಸಾಕಣೆಯಿಂದಲೇ. ಒಂದು ಜೋಡಿ ಎತ್ತಿನ ಆಯುಸ್ಸು. ಅವನ ಪುಸ್ತಕ ಬಂದದ್ದು 1958ರಲ್ಲಿ.

ಆಮೇಲೆ ಸಾಕುಪ್ರಾಣಿ ಅಂಗಡಿಗಳಿಗೆ ಮೆಕ್ಸಿಕೋದಿಂದ ಕೆಂಪು ಮೊಣಕಾಲಿನ ಜೇಡಗಳು ಬರತೊಡಗಿದವು. ನೋಡಲು ಭಯಂಕರ, ಸ್ವಭಾವ ಸಾಧು. ಸಿನಿಮಾದವರಿಗೂ ಇಂಥದ್ದೇ ಬೇಕು. 1977ರಲ್ಲಿ ಬಂದ 'ಕಿಂಗ್‌ಡಮ್ ಆಫ್ ದಿ ಸ್ಪೈಡರ್ಸ್' ಎಂಬ ಹಾಲಿವುಡ್ ಚಿತ್ರಕ್ಕೆ ಸುಮಾರು 5,000 ಜೀವಂತ ಜೇಡಗಳನ್ನು ಕೊಂಡರು ಎನ್ನುತ್ತಾರೆ, ಒಂದಕ್ಕೆ 10 ಡಾಲರಿನಂತೆ. ಜೇಡಕ್ಕೆ ರೇಟು ಬಿತ್ತು ಎಂದರೆ ಗುಡ್ಡದಲ್ಲಿ ಬಿಲ ಅಗೆಯುವವರು ಹುಟ್ಟಿಕೊಂಡರು ಎಂದೇ ಅರ್ಥ. ಹೆಣ್ಣು ಬೆಳೆದು ಮೊಟ್ಟೆ ಇಡಲು ವರ್ಷಗಳೇ ಬೇಕು, ಅಗೆದು ತೆಗೆಯಲು ಹತ್ತು ನಿಮಿಷ ಸಾಕು. 1985ರಲ್ಲಿ ಆ ಕೆಂಪು ಮೊಣಕಾಲಿನ ಜೇಡ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿತು. ಸೈಟಿಸ್ ಎಂದರೆ ವನ್ಯಜೀವಿಗಳ ವ್ಯಾಪಾರಕ್ಕೆ ದೇಶದೇಶಗಳು ಮಾಡಿಕೊಂಡ ಕಟ್ಟುಪಾಡು. ಎರಡನೇ ಪಟ್ಟಿಯಲ್ಲಿದ್ದರೆ ಪರ್ಮಿಟ್ ಇಲ್ಲದೆ ಗಡಿ ದಾಟಿಸುವಂತಿಲ್ಲ.

ಕಾಡಿನಿಂದ ಬರುವುದು ಕಷ್ಟವಾದಾಗ ಹವ್ಯಾಸಿಗಳು ಮನೆಯಲ್ಲೇ ಮರಿ ಮಾಡಿಸುವುದಕ್ಕೆ ಹೆಚ್ಚು ಗಮನ ಕೊಟ್ಟರು. ನಮ್ಮ ಗುತ್ತಿಯ ಜೇಡ ಕಥೆಯೊಳಗೆ ಬರುವುದು ಇಲ್ಲಿ. ಅದಕ್ಕೆ ಮತ್ತೆ ಹಿಂದಕ್ಕೆ, 1899ಕ್ಕೆ ಹೋಗಬೇಕು.

ಆ ಕಾಲಕ್ಕೆ ಗುತ್ತಿಯ ರೈಲ್ವೆ ಕಟ್ಟಿಗೆ ಡಿಪೋದಲ್ಲಿ ಒಂದು ಜೇಡ ಸಿಕ್ಕಿತು. ಮೈ ಕಾಲು ಎಲ್ಲ ಹೊಳೆಯುವ ನೀಲಿ, ಮೇಲೆ ಬಿಳಿ ಚಿತ್ತಾರ. ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ರೆಜಿನಾಲ್ಡ್ ಪೊಕಾಕ್ ಎಂಬ ತಜ್ಞನ ಕೈ ಸೇರಿತು. ಅವನು 'ಪಿಯ್ಸಿಲೊಥೀರಿಯಾ ಮೆಟಾಲಿಕಾ' ಎಂದು ಹೆಸರಿಟ್ಟು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ವರದಿ ಬರೆದ. ಮೊದಲ ಪದಕ್ಕೆ ಗ್ರೀಕಿನಲ್ಲಿ ಚುಕ್ಕೆ ಚಿತ್ತಾರದ ಕಾಡುಮೃಗ ಎಂದರ್ಥ. ಎರಡನೆಯದು ಲೋಹದ ಹೊಳಪು.

ಅಲ್ಲಿಗೆ ಕಥೆ ನಿಂತುಹೋಯಿತು. ನೂರು ವರ್ಷ ಇನ್ನೊಂದು ಸಿಗಲಿಲ್ಲ. ಗುತ್ತಿಯಲ್ಲಿ ಹುಡುಕಿದರೆ ಸಿಗುವುದಾದರೂ ಹೇಗೆ? ಅದು ಗುತ್ತಿಯದ್ದೇ ಅಲ್ಲ. 2001ರ ಸುಮಾರಿಗೆ ಮತ್ತೆ ಕಂಡದ್ದು ಗುತ್ತಿಯಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ನಲ್ಲಮಲ ಕಾಡಿನಲ್ಲಿ. ಆ ಕಾಡನ್ನು ಸೀಳಿಕೊಂಡು ಬರುವ ರೈಲುದಾರಿ ಗುಂತಕಲ್ಲಿಗೆ ಬಂದು ಸೇರುತ್ತದೆ. ಅಲ್ಲಿಂದ ಒಂದು ಕವಲು ಬಳ್ಳಾರಿ, ಹುಬ್ಬಳ್ಳಿಗೆ, ಇನ್ನೊಂದು ಗುತ್ತಿಗೆ. ದಿಮ್ಮಿಯ ಪೊಟರೆಯಲ್ಲಿ ಕೂತ ಜೇಡ ಟಿಕೆಟ್ ಇಲ್ಲದೆ ಪ್ರಯಾಣ ಮಾಡಿ ಗುತ್ತಿಯಲ್ಲಿ ಇಳಿದಿರಬೇಕು ಎಂಬುದು ತಜ್ಞರ ಊಹೆ. ಹೆಸರು ಮಾತ್ರ ಗುತ್ತಿಯದ್ದೇ ಉಳಿಯಿತು.

ಈ ಜೇಡ ನೆಲದಲ್ಲಿ ಬಿಲ ತೋಡುವುದಿಲ್ಲ. ಹಳೆಯ ಮರದ ಪೊಟರೆ, ತೊಗಟೆಯ ಸಂದಿ ಇದರ ಮನೆ. ಹಗಲು ಒಳಗೆ, ರಾತ್ರಿ ಬೇಟೆ. ಇದರ ನೀಲಿ ಬಣ್ಣವೂ ವಿಚಿತ್ರ. ಅದು ನೀಲಿ ಅದ್ದಿದಂಥ ಬಣ್ಣವಲ್ಲ. ಕೂದಲಿನೊಳಗಿನ ಅತಿ ಸಣ್ಣ ರಚನೆಗಳು ಬೆಳಕನ್ನು ಚದುರಿಸುವುದರಿಂದ ಹಾಗೆ ಕಾಣುತ್ತದೆ, ಸುಮಾರಾಗಿ ನವಿಲುಗರಿಯ ಬಣ್ಣದಂತೆ.

ಮತ್ತೆ ಕಂಡ ಸುದ್ದಿ ಹರಡಿದ ಕೆಲವೇ ವರ್ಷಗಳಲ್ಲಿ ಅದು ಯುರೋಪ್, ಅಮೆರಿಕದ ಸಾಕುವವರ ಡಬ್ಬಿಗಳಲ್ಲಿತ್ತು. ನಲ್ಲಮಲದಿಂದ ಮೊದಲ ಜೇಡಗಳು ಹೋದದ್ದು ಯಾರ ಕೈಯಿಂದ, ಯಾವ ಪೆಟ್ಟಿಗೆಯಲ್ಲಿ ಎಂದು ಯಾವ ಪುಸ್ತಕವೂ ಸಂಭ್ರಮದಿಂದ ಹೇಳುವುದಿಲ್ಲ. ಮೊದಮೊದಲು ಒಂದಕ್ಕೆ ನೂರಾರು ಡಾಲರ್. ಈಗ ಮರಿಗೆ ಕೆಲವು ಹತ್ತು ಡಾಲರ್ ಸಾಕು, ಏಕೆಂದರೆ ಅಲ್ಲೇ ಮರಿಯಾಗುತ್ತಿವೆ.

ಮರಿ ಮಾಡಿಸುವ ಕೆಲಸದಲ್ಲಿ ಆ ಹವ್ಯಾಸಿಗಳ ತಾಳ್ಮೆಯನ್ನು ಮೆಚ್ಚಲೇಬೇಕು. ನಮ್ಮಲ್ಲಿ ರೇಷ್ಮೆ ಸಾಕುವ ಮನೆಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಜೇಡವೂ ಹುಳದಂತೆ ಪೊರೆ ಬಿಟ್ಟು ಬೆಳೆಯುತ್ತದೆ. ಬಿಟ್ಟ ಪೊರೆಯನ್ನು ನೀರಿನಲ್ಲಿ ನೆನೆಸಿ, ಬಿಡಿಸಿ, ಹೊಟ್ಟೆಯ ಒಳಭಾಗ ನೋಡಿ ಹೆಣ್ಣೋ ಗಂಡೋ ಹೇಳುತ್ತಾರೆ. ಗಂಡು ಕೊನೆಯ ಪೊರೆ ಬಿಟ್ಟಾಗ ಬಾಯಿ ಪಕ್ಕದ ಎರಡು ಗಿಡ್ಡ ಕೈಗಳ ತುದಿ ಉಬ್ಬಿರುತ್ತದೆ. ಅದು ಒಂದು ಸಣ್ಣ ಬಲೆ ನೇಯ್ದು, ಅದರ ಮೇಲೆ ವೀರ್ಯದ ಹನಿ ಬಿಟ್ಟು, ಆ ಉಬ್ಬಿದ ತುದಿಗಳಿಗೆ ಹೀರಿ ತುಂಬಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಹೆಚ್ಚು ಕಾಲವಿಲ್ಲ. ಹೆಣ್ಣಿನ ಡಬ್ಬಿಗೆ ಬಿಟ್ಟರೆ ಕಾಲಿನಿಂದ ತಟತಟ ಬಡಿದು ತಾನು ಬಂದೆ ಎಂದು ತಿಳಿಸುತ್ತದೆ. ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಒಳಗೆ ಕಾಪಿಟ್ಟುಕೊಳ್ಳಬಲ್ಲದು. ಮೊಟ್ಟೆ ಇಡುವ ಮೊದಲೇ ಇನ್ನೊಂದು ಪೊರೆ ಬಿಟ್ಟಿತೋ, ಪೊರೆಯ ಜೊತೆ ಅದೂ ಹೋಯಿತು. ಮತ್ತೆ ಮೊದಲಿನಿಂದ.

ಮುಂದಿನದು ಇನ್ನೂ ಸೊಗಸು. ಹೆಣ್ಣು ಮೊಟ್ಟೆ ಇಡಬೇಕಾದರೆ ಅದಕ್ಕೆ ಋತು ತಿಳಿಯಬೇಕು. ಅದಕ್ಕೆ ಸಾಕುವವರು ಕೆಲವು ವಾರ ಡಬ್ಬಿಯನ್ನು ಒಣಗಿಸಿ ಇಡುತ್ತಾರೆ, ಆಮೇಲೆ ನೀರು ಚಿಮುಕಿಸಿ ತೇವ ಮಾಡುತ್ತಾರೆ. ಹೊರಗೆ ಹಿಮ ಬೀಳುತ್ತಿರುವ ಜರ್ಮನಿಯ ಮನೆಯ ಕಪಾಟಿನಲ್ಲಿ, ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ, ನಲ್ಲಮಲದ ಬೇಸಗೆ ಮುಗಿದು ಮುಂಗಾರು ಬರುತ್ತದೆ. ಹೆಣ್ಣು ರೇಷ್ಮೆಯ ಚೀಲ ನೇಯ್ದು ಮೊಟ್ಟೆ ತುಂಬಿ ಹಿಡಿದುಕೊಂಡು ಕೂರುತ್ತದೆ. ಗಲಾಟೆಯಾದರೆ ತಾನೇ ತಿಂದುಬಿಡಬಹುದು. ಆ ಭಯಕ್ಕೆ ಕೆಲವರು ಕೆಲವು ವಾರಗಳ ಮೇಲೆ ಚೀಲ ತೆಗೆದು ಬೇರೆ ಇಟ್ಟು ಮರಿ ಮಾಡಿಸುತ್ತಾರೆ. ಒಂದು ಚೀಲದಲ್ಲಿ ನೂರರ ಆಸುಪಾಸು ಮರಿ ಬರಬಹುದು. ಕ್ಯಾಮೆರಾ ರೀಲಿನ ಕಾಲದಲ್ಲಿ ಆ ರೀಲಿನ ಖಾಲಿ ಡಬ್ಬಿಗಳೇ ಮರಿಗಳ ತೊಟ್ಟಿಲು. ಅಂಚೆಯಲ್ಲಿ ಕಳಿಸಲಿಕ್ಕೂ ಅವೇ.

ಅಂಚೆ ಎಂದಾಗ ನೆನಪಾಯಿತು. 2010ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಜರ್ಮನಿಯಿಂದ ಬಂದ ಪಾರ್ಸೆಲ್ ಒಂದನ್ನು ತೆರೆದಾಗ ಸುಮಾರು 300 ಜೀವಂತ ಟರಾಂಟುಲಾಗಳು ಸಿಕ್ಕವು. ಇನ್ನೊಂದು ಪಾರ್ಸೆಲ್ಲಿನಲ್ಲಿ ಅವನ್ನು ಬಣ್ಣದ ಸ್ಟ್ರಾಗಳೊಳಗೆ ತುರುಕಿದ್ದರು. ಅಧಿಕಾರಿಗಳು ಕಾರ್ಯಾಚರಣೆಗೆ ಇಟ್ಟ ಹೆಸರು 'ಆಪರೇಷನ್ ಸ್ಪೈಡರ್‌ಮ್ಯಾನ್'. ಡಿಸೆಂಬರಿನಲ್ಲಿ ಕಳಿಸಿದವನ ಬಂಧನವಾಯಿತು.

ಇತ್ತ ಕಾಡಿನ ಲೆಕ್ಕ ನೋಡಿ. 2008ರಲ್ಲಿ ಐಯುಸಿಎನ್ ಈ ಜೇಡವನ್ನು 'ಅತ್ಯಂತ ಅಪಾಯದಲ್ಲಿದೆ' ಎಂಬ ಸಾಲಿಗೆ ಸೇರಿಸಿತು. ಇದು ಇರುವ ಜಾಗ 100 ಚದರ ಕಿಲೋಮೀಟರಿಗೂ ಕಡಿಮೆ. ಅದು ರಿಸರ್ವ್ ಫಾರೆಸ್ಟೇ ಆದರೂ ಮರ ಕಡಿತ, ಸೌದೆ, ಅದರ ಮೇಲೆ ಹಿಡಿದು ಮಾರುವವರು. ಸಾವಿರಾರು ಮೈಲಿ ಆಚೆ ಇದು ಅಂಗಡಿಯಲ್ಲಿ ಸಿಗುವ ಸಾಮಾನು, ತನ್ನ ಕಾಡಿನಲ್ಲಿ ಮಾತ್ರ ಹುಡುಕಿದರೂ ಸಿಗದ ಜೀವಿ.

ಹಾಗಾದರೆ ಡಬ್ಬಿಯಲ್ಲಾದರೂ ಉಳಿಯಿತಲ್ಲ, ಒಳ್ಳೆಯದೇ ಅಲ್ಲವೇ ಎಂದು ಹವ್ಯಾಸಿಗಳು ಕೇಳುತ್ತಾರೆ. ಮನೆಯಲ್ಲಿ ಹುಟ್ಟಿದ ಮರಿ ಅಗ್ಗವಾದರೆ ಕಾಡಿನದನ್ನು ಯಾರು ಹಿಡಿಯುತ್ತಾರೆ ಎಂಬುದು ಅವರ ವಾದ. ಅರ್ಧ ಒಪ್ಪುತ್ತೇನೆ. ಇದರ ಸಂಸಾರ, ಆಯುಸ್ಸು, ಊಟ ಇಷ್ಟು ವಿವರವಾಗಿ ಲೋಕಕ್ಕೆ ಗೊತ್ತಾದದ್ದು ಅವರಿಂದಲೇ. ಆದರೆ ಡಬ್ಬಿಯ ಜೇಡ ನಲ್ಲಮಲಕ್ಕೆ ವಾಪಸ್ ಬರುವುದಿಲ್ಲ. ಕೆಲವೇ ಜೇಡಗಳ ಸಂತಾನ, ತಲೆಮಾರುಗಳಿಂದ ಒಳಗೊಳಗೇ ಕೂಡಿಸಿದ್ದು. ಪೊಟರೆಯ ಮರವೇ ಇಲ್ಲದ ಕಾಡಿಗೆ ಬಿಟ್ಟರೂ ಎಲ್ಲಿರಬೇಕು ಅದು? ಮೆಕ್ಸಿಕೋದಲ್ಲಿ ಸರ್ಕಾರದ ಪರವಾನಗಿ ಪಡೆದು ತಮ್ಮ ನೆಲದ ಜೇಡವನ್ನು ತಾವೇ ಮರಿ ಮಾಡಿಸಿ ಮಾರುವವರು ಇದ್ದಾರೆ. ಗಿದ್ದಲೂರಿನವರಿಗೆ ಅಂಥ ಪಾಲೂ ಸಿಗಲಿಲ್ಲ, ಒಂದು ಮಾತು ಕೇಳಿದವರೂ ಇಲ್ಲ.

ಕಾನೂನು ಬಂದದ್ದು ತಡವಾಗಿ. 2019ರಲ್ಲಿ ಜಿನೀವಾದ ಸೈಟಿಸ್ ಸಭೆಯಲ್ಲಿ ಈ ಜೇಡದ ಇಡೀ ಕುಲವನ್ನು ಎರಡನೇ ಪಟ್ಟಿಗೆ ಸೇರಿಸಿದರು. ಪ್ರಸ್ತಾಪ ತಂದದ್ದು ಶ್ರೀಲಂಕಾ ಮತ್ತು ಅಮೆರಿಕ. ಅದೇ ಸಭೆಯಲ್ಲಿ ಭಾರತ ನಕ್ಷತ್ರ ಆಮೆಗಾಗಿ ವಾದಿಸಿ ಗೆದ್ದಿತು. ಜೇಡಕ್ಕೆ ಆ ಅದೃಷ್ಟ ಇರಲಿಲ್ಲ. ಆಮೇಲೆ 2022ರಲ್ಲಿ ನಮ್ಮ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾಗಿ ಸೈಟಿಸ್ ಪಟ್ಟಿಯ ಜೀವಿಗಳೂ ಅದರೊಳಗೆ ಬಂದವು.

ಇದನ್ನೆಲ್ಲ ನಮ್ಮ ಓದುಗರಿಗೆ ಹೇಳಲು ಕಾರಣವಿದೆ. ಇದೇ ಕುಲದ ಇನ್ನೊಂದು ಜೇಡವನ್ನು ಹವ್ಯಾಸಿಗಳು 'ಮೈಸೂರ್ ಆರ್ನಮೆಂಟಲ್' ಎನ್ನುತ್ತಾರೆ. ಪೊಕಾಕ್ ಅದಕ್ಕೆ ಹೆಸರಿಟ್ಟದ್ದು 1895ರಲ್ಲಿ. ಉತ್ತರ ಕನ್ನಡದ ಜಂಬಿಟ್ಟಿಗೆ ಮಣ್ಣಿನ ದಿಬ್ಬಗಳಲ್ಲಿ ಬಿಲ ತೋಡುವ ಬೇರೆ ಟರಾಂಟುಲಾಗಳಿವೆ. ಮಣ್ಣುಮುಕ್ಕ ಹಾವಿಗೆ ಲಕ್ಷ ಲಕ್ಷ ಕೊಡುತ್ತೇವೆ, ತೂಕ ಎಷ್ಟಿದೆ ಎಂದು ಕೇಳಿಕೊಂಡು ಬಂದವರನ್ನು ನಮ್ಮ ಹಳ್ಳಿಗಳು ಕಂಡಿವೆ. ಕೊನೆಗೆ ಜೈಲು ಕಂಡದ್ದು ಹಿಡಿದುಕೊಟ್ಟ ಹುಡುಗರು. ನಾಳೆ ಯಾರಾದರೂ ಮೊಬೈಲಿನಲ್ಲಿ ಜೇಡದ ಫೋಟೋ ತೋರಿಸಿ ರೇಟು ಹೇಳಿದರೆ ಈ ಕಥೆ ನೆನಪಿರಲಿ.

ಇನ್ನು, ಸೌದೆ ಒಡೆಯುವಾಗ ತೊಗಟೆಯಡಿ ದೊಡ್ಡ ಜೇಡ ಸಿಕ್ಕರೆ ಏನು ಮಾಡಬೇಕು ಎಂದು ಕೇಳುತ್ತಾರೆ. ಈ ಕುಲದ ಜೇಡ ಕಚ್ಚಿ ಸತ್ತ ದಾಖಲೆ ಇಲ್ಲ. ಆದರೆ ಕಚ್ಚಿದರೆ ನೋವು ಜೋರು, ಮೈಕೈ ಸೆಳೆತ ದಿನಗಟ್ಟಲೆ ಇರುತ್ತದೆ, ಆಸ್ಪತ್ರೆಗೆ ಹೋಗಲೇಬೇಕಾಗುತ್ತದೆ. ಕೈಯಲ್ಲಿ ಮುಟ್ಟಬೇಡಿ, ಕೊಲ್ಲಲೂ ಬೇಡಿ. ಆ ಒಂದು ಕೊರಡನ್ನು ಉದ್ದ ಕೋಲಿನಿಂದ ದೂಡಿ ಬೇಲಿಯಾಚೆ ಇಟ್ಟುಬಿಡಿ. ಕತ್ತಲಾದ ಮೇಲೆ ಅದೇ ಎದ್ದು ಹೋಗುತ್ತದೆ.