ಗಡಿನಾಡಿನ ಮೇಲಿನ ಮಹಾಪ್ರಬಂಧಗಳು: ಅಂತರ್ಜಾಲದಲ್ಲಿ ಹುಡುಕುವ ಕ್ರಮ

ನಮ್ಮ ಊರುಗಳ ಮಾತು, ಶಾಲೆ, ಶಾಸನ, ಜಾತ್ರೆ, ಹಾಡುಗಳ ಬಗ್ಗೆ ಹಲವು ದಶಕಗಳಿಂದ ಸಂಶೋಧನೆ ನಡೆಯುತ್ತ ಬಂದಿದೆ. ಸಂಶೋಧಕರು ನಮ್ಮ ಜಗಲಿಗಳ ಮೇಲೆ ಕೂತು, ಹಿರಿಯರಿಂದ ಹಾಡು ಬರೆದುಕೊಂಡು, ಶಾಲೆಯ ಹಾಜರಿ ಪುಸ್ತಕದ ಅಂಕಿ ಎತ್ತಿಕೊಂಡು ಹೋಗಿದ್ದಾರೆ. ಅವರಿಗೆ ಪದವಿ ಬಂತು, ಪ್ರಬಂಧ ವಿಶ್ವವಿದ್ಯಾಲಯದ ಕಪಾಟು ಸೇರಿತು. ಮಾಹಿತಿ ಕೊಟ್ಟ ಊರಿಗೆ ಅದರ ಒಂದು ಪ್ರತಿ ತಿರುಗಿ ಬಂದದ್ದು ಅಪರೂಪ. ಈಗ ಅವುಗಳಲ್ಲಿ ಸಾಕಷ್ಟು ಅಂತರ್ಜಾಲದಲ್ಲಿ ಹಣವಿಲ್ಲದೆ ಓದಲು ಸಿಗುತ್ತವೆ. ಆದರೆ ಹುಡುಕುವ ದಾರಿ ಗೊತ್ತಿಲ್ಲದಿದ್ದರೆ ಇದ್ದೂ ಇಲ್ಲದಂತೆಯೇ. ಪದವಿ ಓದುವ ಮಕ್ಕಳಿಗೆ, ಶಾಲೆಯ ವಿಷಯವಾಗಿ ಅರ್ಜಿ ಬರೆಯುವವರಿಗೆ, ಊರಿನ ಇತಿಹಾಸ ಬರೆಯಲು ಹೊರಟ ಸದಸ್ಯರಿಗೆ ಉಪಯೋಗವಾಗಲೆಂದು ಆ ದಾರಿಯನ್ನು ಇಲ್ಲಿ ಕ್ರಮವಾಗಿ ಕೊಟ್ಟಿದೆ.

ಮುಖ್ಯ ಭಂಡಾರ: ಶೋಧಗಂಗಾ

ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಮಹಾಪ್ರಬಂಧಗಳನ್ನು ಒಂದೇ ಕಡೆ ಇಟ್ಟಿರುವ ಸಂಗ್ರಹ ಶೋಧಗಂಗಾ. ಇದನ್ನು ನಡೆಸುವುದು ಗುಜರಾತಿನ ಗಾಂಧಿನಗರದಲ್ಲಿರುವ, ಯುಜಿಸಿಗೆ ಸೇರಿದ ಇನ್‌ಫ್ಲಿಬ್‌ನೆಟ್ ಕೇಂದ್ರ. 2009ರ ಯುಜಿಸಿ ನಿಯಮಾವಳಿಯ ಪ್ರಕಾರ ಪದವಿ ಪಡೆದ ಪ್ರಬಂಧದ ಗಣಕ ಪ್ರತಿಯನ್ನು ಸಲ್ಲಿಸಬೇಕಾಯಿತು. ಅದಕ್ಕಿಂತ ಹಿಂದಿನವನ್ನು ಆಯಾ ವಿಶ್ವವಿದ್ಯಾಲಯಗಳು ಸ್ಕ್ಯಾನ್ ಮಾಡಿ ಏರಿಸುತ್ತ ಬಂದಿವೆ. ಆದ್ದರಿಂದ 2009ರ ನಂತರದವು ಸಿಗುವ ಸಂಭವ ಹೆಚ್ಚು, ಹಳೆಯವು ಕೆಲವು ಉಂಟು, ಕೆಲವು ಇಲ್ಲ.

ಈ ಕೆಲಸದಲ್ಲಿ ಕನ್ನಡ ನಾಡಿಗೂ ಪಾಲಿದೆ. ಶೋಧಗಂಗಾ ಬರುವ ಮೊದಲೇ, 2000ದ ಸುಮಾರಿಗೆ, ಮೈಸೂರು ವಿಶ್ವವಿದ್ಯಾಲಯದಲ್ಲಿ 'ವಿದ್ಯಾನಿಧಿ' ಎಂಬ ಯೋಜನೆ ಭಾರತೀಯ ಪ್ರಬಂಧಗಳನ್ನು ಗಣಕಕ್ಕೆ ತರುವ ಕೆಲಸ ಆರಂಭಿಸಿತ್ತು.

ಗೂಗಲ್‌ನಲ್ಲಿ ಶೋಧಗಂಗಾ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಮೊದಲಿಗೇ ಬರುತ್ತದೆ. ಒಳಗೆ ಎರಡು ದಾರಿಗಳಿವೆ. ಒಂದು, ಹುಡುಕುವ ಪೆಟ್ಟಿಗೆಯಲ್ಲಿ ಪದ ಬರೆಯುವುದು. ಇನ್ನೊಂದು, ವಿಶ್ವವಿದ್ಯಾಲಯ ಮತ್ತು ವಿಭಾಗಗಳ ಪಟ್ಟಿಯನ್ನು ತೆರೆದು ಒಂದೊಂದೇ ಶೀರ್ಷಿಕೆ ನೋಡುತ್ತ ಹೋಗುವುದು. ಎರಡನೆಯದಕ್ಕೆ ಸಮಯ ಬೇಕು. ಆದರೆ ನಮ್ಮಂಥವರ ಕೆಲಸಕ್ಕೆ ಹೆಚ್ಚು ಫಲ ಕೊಡುವುದು ಅದೇ. ಏಕೆಂದರೆ ಕನ್ನಡ ಶೀರ್ಷಿಕೆಗಳನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದವರು ತಮಗೆ ತೋಚಿದಂತೆ ಬರೆದಿರುತ್ತಾರೆ.

ಯಾವ ಊರಿಗೆ ಯಾವ ವಿಶ್ವವಿದ್ಯಾಲಯ

ಕಾಸರಗೋಡಿನವರು ಕಣ್ಣೂರು ವಿಶ್ವವಿದ್ಯಾಲಯ, ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಮತ್ತು ಮಂಗಳೂರು ವಿಶ್ವವಿದ್ಯಾಲಯ ಈ ಮೂರನ್ನೂ ನೋಡಬೇಕು. ಕಣ್ಣೂರು ವಿಶ್ವವಿದ್ಯಾಲಯ ಆರಂಭವಾದದ್ದು 1996ರಲ್ಲಿ. ಅದಕ್ಕಿಂತ ಹಿಂದಿನದಕ್ಕೆ ಕಲ್ಲಿಕೋಟೆ ವಿಶ್ವವಿದ್ಯಾಲಯ. ವಯನಾಡಿನಲ್ಲಿ ಮಾನಂದವಾಡಿ ತಾಲೂಕು ಕಣ್ಣೂರಿಗೂ ಉಳಿದ ಭಾಗ ಕಲ್ಲಿಕೋಟೆಗೂ ಸೇರಿದೆ. ಮೈಸೂರು ವಿಶ್ವವಿದ್ಯಾಲಯವನ್ನೂ ಮರೆಯಬಾರದು.

ಸೊಲ್ಲಾಪುರ, ಅಕ್ಕಲಕೋಟೆಯವರಿಗೆ ಸೊಲ್ಲಾಪುರ ವಿಶ್ವವಿದ್ಯಾಲಯವಿದೆ. ಅದು ಸ್ಥಾಪನೆಯಾದದ್ದು 2004ರಲ್ಲಿ, 2019ರಿಂದ ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರ್ ಹೆಸರಿನಲ್ಲಿದೆ. 2004ಕ್ಕೆ ಮುಂಚೆ ಈ ಕಾಲೇಜುಗಳು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಡಿ ಇದ್ದುದರಿಂದ ಹಳೆಯ ಪ್ರಬಂಧಗಳನ್ನು ಅಲ್ಲಿ ಹುಡುಕಬೇಕು. ಜತ್ತ ಸಾಂಗಲಿ ಜಿಲ್ಲೆಯದಾದ್ದರಿಂದ ಈಗಲೂ ಶಿವಾಜಿ ವಿಶ್ವವಿದ್ಯಾಲಯವೇ. ಇವೆಲ್ಲಕ್ಕೂ ಜೊತೆಯಾಗಿ ಗುಲ್ಬರ್ಗ ವಿಶ್ವವಿದ್ಯಾಲಯ ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪಟ್ಟಿ ನೋಡಬೇಕು.

ರಾಯದುರ್ಗ, ಮಡಕಶಿರಾ ಕಡೆಯವರಿಗೆ ಅನಂತಪುರದ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ, ಆದೋನಿಯವರಿಗೆ ಅದರ ಜೊತೆ ಕರ್ನೂಲಿನ ರಾಯಲಸೀಮಾ ವಿಶ್ವವಿದ್ಯಾಲಯ. ಹಳೆಯದಕ್ಕೆ ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯ. ಇಲ್ಲಿ ಒಂದು ಎಚ್ಚರಿಕೆ: ಬಳ್ಳಾರಿಯಲ್ಲಿ ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ ಎಂಬ ಬೇರೆ ಸಂಸ್ಥೆ ಇದೆ. ಎರಡನ್ನೂ ನೋಡಿ, ಆದರೆ ಬರೆದುಕೊಳ್ಳುವಾಗ ಒಂದನ್ನು ಇನ್ನೊಂದೆಂದು ಬರೆಯಬೇಡಿ. ಕುಪ್ಪಂನ ದ್ರಾವಿಡ ವಿಶ್ವವಿದ್ಯಾಲಯ ಮತ್ತು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಎಲ್ಲ ಗಡಿಗಳವರೂ ನೋಡಬೇಕಾದವು.

ನೀಲಗಿರಿ, ತಾಳವಾಡಿಯವರಿಗೆ ಕೊಯಮತ್ತೂರಿನ ಭಾರತಿಯಾರ್, ಹೊಸೂರಿನವರಿಗೆ ಸೇಲಂನ ಪೆರಿಯಾರ್, ಇಬ್ಬರಿಗೂ ಹಳೆಯದಕ್ಕೆ ಮದ್ರಾಸು ವಿಶ್ವವಿದ್ಯಾಲಯ. ಪಶ್ಚಿಮ ತೆಲಂಗಾಣಕ್ಕೆ ಹೈದರಾಬಾದಿನ ಉಸ್ಮಾನಿಯಾ, ಗೋವೆಗೆ ಗೋವಾ ವಿಶ್ವವಿದ್ಯಾಲಯ.

ಕನ್ನಡ ವಿಭಾಗವೊಂದನ್ನೇ ನೋಡಿ ನಿಲ್ಲಿಸಬಾರದು. ಕನ್ನಡ ಮಾಧ್ಯಮ ಶಾಲೆಗಳ ಸ್ಥಿತಿಯ ಅಧ್ಯಯನ ಶಿಕ್ಷಣ ವಿಭಾಗದಲ್ಲಿರುತ್ತದೆ. ಬಡಗರ ಚಹಾ ಹಿಡುವಳಿಯ ವಿಷಯ ಅರ್ಥಶಾಸ್ತ್ರದಲ್ಲಿ, ಶಾಸನಗಳು ಇತಿಹಾಸದಲ್ಲಿ, ಎರಡು ಭಾಷೆ ಬೆರೆಸಿ ಆಡುವ ಮಾತಿನ ವಿಷಯ ಭಾಷಾವಿಜ್ಞಾನದಲ್ಲಿ ಸಿಗಬಹುದು. ಮಲಯಾಳ, ಮರಾಠಿ, ತೆಲುಗು, ತಮಿಳು ವಿಭಾಗಗಳಲ್ಲೂ ನಮ್ಮ ವಿಷಯದ ತೌಲನಿಕ ಅಧ್ಯಯನಗಳು ಇರಬಹುದು.

ಹಳೆಯ ಜಿಲ್ಲೆಯ ಹೆಸರಿನಿಂದ ಹುಡುಕಿ

ರಾಜ್ಯಗಳ ಗಡಿ ಬದಲಾದಂತೆ ನಮ್ಮ ಊರುಗಳ ವಿಳಾಸವೂ ಬದಲಾಗಿದೆ. ಪ್ರಬಂಧ ಯಾವ ಕಾಲವನ್ನು ಕುರಿತದ್ದೋ ಆ ಕಾಲದ ಜಿಲ್ಲೆಯ ಹೆಸರೇ ಶೀರ್ಷಿಕೆಯಲ್ಲಿರುತ್ತದೆ. ಕಾಸರಗೋಡು 1956ರ ನವೆಂಬರ್ 1ರವರೆಗೆ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆದ್ದರಿಂದ 'ಸೌತ್ ಕೆನರಾ' ಎಂದು ಹುಡುಕದೆ ಅಲ್ಲಿನ ಹಳೆಯ ಗೇಣಿ, ಭೂಕಂದಾಯ, ಸ್ವಾತಂತ್ರ್ಯ ಹೋರಾಟದ ವಿಷಯ ಪೂರ್ತಿ ಸಿಗುವುದಿಲ್ಲ. 1984ರವರೆಗಿನದಕ್ಕೆ 'ಕಣ್ಣೂರು ಜಿಲ್ಲೆ', ಇಂಗ್ಲಿಷಿನಲ್ಲಿ 'ಕ್ಯಾನನೂರ್', ಎಂದೂ ಹುಡುಕಬೇಕು.

ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅವುಗಳ ಹಳೆಯ ಇತಿಹಾಸ 'ಬೆಲ್ಲಾರಿ ಡಿಸ್ಟ್ರಿಕ್ಟ್' ಎಂಬ ಶೀರ್ಷಿಕೆಯೊಳಗೆ ಅಡಗಿರುತ್ತದೆ. ಅಕ್ಕಲಕೋಟೆ, ಜತ್ತ ಎರಡೂ ಸಂಸ್ಥಾನಗಳಾಗಿದ್ದವು, 'ಪ್ರಿನ್ಸ್‌ಲಿ ಸ್ಟೇಟ್ಸ್' ಎಂದು ಹುಡುಕಿ. ಹೊಸೂರು ಮೊದಲು ಸೇಲಂ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ ಜಿಲ್ಲೆ. ತಾಳವಾಡಿ ಈರೋಡಿಗೆ ಮೊದಲು ಕೊಯಮತ್ತೂರು ಜಿಲ್ಲೆ. ತೆಲಂಗಾಣದ ಕನ್ನಡ ಭಾಗಗಳಿಗೆ 'ಹೈದರಾಬಾದ್ ಸ್ಟೇಟ್', 'ನಿಜಾಮ್ಸ್ ಡೊಮಿನಿಯನ್ಸ್' ಎಂಬವು ಉಪಯೋಗಕ್ಕೆ ಬರುತ್ತವೆ.

ಕಾಗುಣಿತದ ತೊಂದರೆ

ಇಂಗ್ಲಿಷಿನಲ್ಲಿ ಒಂದೇ ಊರಿಗೆ ಮೂರು ನಾಲ್ಕು ಕಾಗುಣಿತಗಳಿವೆ. ಸೊಲ್ಲಾಪುರವನ್ನು ಎಸ್ ನಂತರ ಎಚ್ ಸೇರಿಸಿಯೂ ಸೇರಿಸದೆಯೂ ಹುಡುಕಬೇಕು. ಕಾಸರಗೋಡಿನಲ್ಲಿ ಆರ್ ನಂತರದ ಎ ಅಕ್ಷರ ಕೆಲವರು ಹಾಕುತ್ತಾರೆ, ಕೆಲವರು ಬಿಡುತ್ತಾರೆ. ತಾಳವಾಡಿಯನ್ನು ಟಿ ಒಂದರಿಂದಲೂ ಟಿ-ಎಚ್‌ನಿಂದಲೂ ಬರೆಯುತ್ತಾರೆ. ಕೊನೆಯಲ್ಲಿ ಐ ಅಥವಾ ವೈ ಇರಬಹುದು. ಜತ್ತಕ್ಕೆ ಕೊನೆಯ ಎಚ್ ಇದ್ದೂ ಇಲ್ಲದೆಯೂ, ಆದೋನಿಗೆ 'ಆದವಾನಿ' ಎಂದೂ, ಉದಕಮಂಡಲಕ್ಕೆ 'ಊಟಿ' ಎಂದೂ ಹುಡುಕಿ. ಒಂದು ಕಾಗದದ ಮೇಲೆ ನಿಮ್ಮ ಊರಿನ ಎಲ್ಲ ರೂಪಗಳನ್ನು ಮೊದಲೇ ಬರೆದುಕೊಂಡು, ಹುಡುಕಿದ್ದಕ್ಕೆ ಗೆರೆ ಎಳೆಯುತ್ತ ಹೋಗುವುದು ಒಳ್ಳೆಯದು.

ಊರಿನ ಹೆಸರಿನ ಜೊತೆಗೆ ವಿಷಯದ ಪದಗಳನ್ನೂ ಬದಲಿಸಿ ನೋಡಿ: ಇಂಗ್ಲಿಷಿನಲ್ಲಿ 'ಲಿಂಗ್ವಿಸ್ಟಿಕ್ ಮೈನಾರಿಟಿ', 'ಕನ್ನಡ ಮೀಡಿಯಂ', 'ಬೈಲಿಂಗ್ವಲಿಸಂ', 'ಲ್ಯಾಂಗ್ವೇಜ್ ಕಾಂಟ್ಯಾಕ್ಟ್', 'ಬಾರ್ಡರ್ ಡಿಸ್ಪ್ಯೂಟ್'. ಕನ್ನಡದಲ್ಲಿ 'ಗಡಿನಾಡು', 'ಗಡಿಭಾಗ', 'ಜನಪದ', 'ಸ್ಥಳನಾಮ', 'ಉಪಭಾಷೆ'. ಈ ಕನ್ನಡ ಪದಗಳನ್ನು ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಲಿಪಿಯಲ್ಲಿ ಒಮ್ಮೆ ಹಾಕಬೇಕು.

ಪ್ರಬಂಧ ಸಿಕ್ಕಿದ ಮೇಲೆ

ಶೋಧಗಂಗಾದಲ್ಲಿ ಪ್ರಬಂಧ ಒಂದೇ ಪುಸ್ತಕವಾಗಿ ಇರುವುದಿಲ್ಲ. ಮುಖಪುಟ, ಪ್ರಮಾಣಪತ್ರ, ಪರಿವಿಡಿ, ಒಂದೊಂದು ಅಧ್ಯಾಯ, ಗ್ರಂಥಋಣ, ಅನುಬಂಧ ಹೀಗೆ ಬೇರೆ ಬೇರೆ ಪಿಡಿಎಫ್ ಕಡತಗಳಾಗಿರುತ್ತವೆ. ಮೊದಲು ಪರಿವಿಡಿ ತೆರೆಯಿರಿ. ಹೊಸದಾಗಿ ಏರಿಸಿದವುಗಳಲ್ಲಿ 80 ಎಂಬ ಸಂಖ್ಯೆಯ 'ರೆಕಮಂಡೇಶನ್' ಕಡತವಿದ್ದರೆ ಅದರಲ್ಲಿ ಸಾಮಾನ್ಯವಾಗಿ ಮುಖಪುಟ ಮತ್ತು ಉಪಸಂಹಾರ ಇರುತ್ತವೆ. ಪ್ರಬಂಧ ನಮಗೆ ಬೇಕಾದದ್ದೋ ಅಲ್ಲವೋ ಎಂದು ಹತ್ತು ನಿಮಿಷದಲ್ಲಿ ತೀರ್ಮಾನಿಸಲು ಈ ಎರಡು ಸಾಕು.

ಕನ್ನಡದಲ್ಲಿ ಬರೆದ ಪ್ರಬಂಧಗಳಲ್ಲಿ ಇನ್ನೊಂದು ಅಡಚಣೆ ಇದೆ. ಅನೇಕವು ನುಡಿ ಮೊದಲಾದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದವು, ಇಲ್ಲವೇ ಸ್ಕ್ಯಾನ್ ಮಾಡಿದ ಚಿತ್ರಗಳು. ಕಣ್ಣಿಗೆ ಕನ್ನಡ ಕಂಡರೂ ಒಳಗೆ ಪದ ಹುಡುಕಲು ಆಗುವುದಿಲ್ಲ. ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಪುಟದ ಚಿತ್ರವನ್ನು ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅದು ಕನ್ನಡ ಅಕ್ಷರವನ್ನು ಓದಿ ಪಠ್ಯವಾಗಿಸುತ್ತದೆ. ಒತ್ತಕ್ಷರಗಳಲ್ಲಿ ತಪ್ಪು ಬರುವುದರಿಂದ ಮೂಲದೊಡನೆ ಒಮ್ಮೆ ತಾಳೆ ನೋಡಲೇಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಅನುಬಂಧಗಳನ್ನು ಬಿಡದೆ ನೋಡಿ. ಜನಪದ, ಭಾಷೆಯ ಪ್ರಬಂಧಗಳಲ್ಲಿ ಕೊನೆಗೆ ವಕ್ತೃಗಳ ಅಥವಾ ಮಾಹಿತಿದಾರರ ಪಟ್ಟಿ, ಅವರ ವಯಸ್ಸು, ಊರು, ಹಾಡಿನ ಪಠ್ಯ, ಪದಕೋಶ ಕೊಡುವ ರೂಢಿ ಇದೆ. ಮೂವತ್ತು ವರ್ಷದ ಹಿಂದೆ ಎಪ್ಪತ್ತು ದಾಟಿದ್ದ ಹಾಡುಗಾರ್ತಿ ಇಂದು ಇಲ್ಲ. ಅವರ ಮಕ್ಕಳಿಗೂ ಪೂರ್ತಿ ಬಾರದ ಹಾಡು ಆ ಪುಟಗಳಲ್ಲಿ ಉಳಿದಿರಬಹುದು. ನಿಮ್ಮ ಮನೆಯ ಹಿರಿಯರ ಹೆಸರೇ ಅಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ.

ಗ್ರಂಥಋಣವೂ ಹುಡುಕಾಟದ ದಾರಿಯೇ. ಒಂದು ಒಳ್ಳೆಯ ಪ್ರಬಂಧ ಸಿಕ್ಕರೆ ಅದು ಹೆಸರಿಸಿದ ಹಿಂದಿನ ಪ್ರಬಂಧಗಳನ್ನು ಒಂದೊಂದಾಗಿ ಹಿಡಿದುಕೊಂಡು ಹೋಗಬಹುದು. ಉದಾಹರಣೆಗೆ, ಸಾಂಗಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದು ಒಂದಕ್ಕೊಂದು ಹೊಂದಿಕೊಂಡ ಬಗೆಯನ್ನು ಕುರಿತು ಗಂಪರ್ಜ್ ಮತ್ತು ವಿಲ್ಸನ್ ಬರೆದ ಲೇಖನ 1971ರಲ್ಲಿ ಪ್ರಕಟವಾಯಿತು. ಗಡಿಯ ಮಾತಿನ ಮೇಲೆ ಕೆಲಸ ಮಾಡಿದವರು ಅದನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ. ಅದರ ಹೆಸರಿನಿಂದ ಹುಡುಕಿದರೆ ಅಂಥ ಕೆಲಸಗಳೆಲ್ಲ ಸಾಲಾಗಿ ಬರುತ್ತವೆ.

ಹೊರದೇಶದ ಸಂಗ್ರಹಗಳು

ನಮ್ಮ ವಿಷಯ ಹೊರದೇಶಗಳಲ್ಲೂ ಅಧ್ಯಯನವಾಗಿದೆ. ನೀಲಗಿರಿಯ ಬಡಗರ ಬಗ್ಗೆ ಜೀವಮಾನವಿಡೀ ಬರೆದ ಪಾಲ್ ಹಾಕಿಂಗ್ಸ್ ಪಿಎಚ್.ಡಿ. ಮಾಡಿದ್ದು ಅಮೆರಿಕದ ಬರ್ಕ್ಲಿಯಲ್ಲಿ. ಬಡಗ ಮಾತಿನ ವ್ಯಾಕರಣದ ಮೇಲೆ ಕ್ರಿಸ್ಟಿಯಾನ್ ಪಿಲೊ-ರೈಚೂರ್ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಭಾಷೆಯಲ್ಲಿ ಮಹಾಪ್ರಬಂಧ ಬರೆದರು. ಇಬ್ಬರೂ ಸೇರಿ ಮಾಡಿದ ಬಡಗ-ಇಂಗ್ಲಿಷ್ ನಿಘಂಟು 1992ರಲ್ಲಿ ಬಂತು. ಇಂಥವನ್ನು ಹುಡುಕಲು ಒಎಟಿಡಿ ಎಂಬ ಮುಕ್ತ ಪ್ರಬಂಧಗಳ ಸೂಚಿ, ಎನ್‌ಡಿಎಲ್‌ಟಿಡಿ ಎಂಬ ಅಂತರರಾಷ್ಟ್ರೀಯ ಜಾಲದ ಸೂಚಿ, ಫ್ರಾನ್ಸಿಗೆ ಥೀಸಸ್ ಡಾಟ್ ಎಫ್ಆರ್ ಇವೆ. ಪ್ರೋಕ್ವೆಸ್ಟ್ ಹಣ ಕೇಳುವ ಸಂಸ್ಥೆ. ನಿಮ್ಮ ಮಕ್ಕಳು ಓದುವ ವಿಶ್ವವಿದ್ಯಾಲಯ ಚಂದಾ ಕಟ್ಟಿದ್ದರೆ ಅಲ್ಲಿಂದ ನೋಡಬಹುದು.

ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿಗೆ 'ಕೃಷಿಕೋಶ' ಎಂಬ ಪ್ರತ್ಯೇಕ ಭಂಡಾರವಿದೆ. ಅಡಿಕೆ, ಶೇಂಗಾ, ಜೋಳ, ಚಹಾ ಬೆಳೆಯುವ ನಮ್ಮ ಸದಸ್ಯರು ಅದನ್ನು ನೋಡಬಹುದು.

ಅಂತರ್ಜಾಲದಲ್ಲಿ ಇಲ್ಲದಿದ್ದರೆ

ಎಂ.ಎ. ಪದವಿಯ ಕಿರುಪ್ರಬಂಧಗಳು ಶೋಧಗಂಗಾಕ್ಕೆ ಬರುವುದಿಲ್ಲ, ಎಂ.ಫಿಲ್.ನವು ಸಿಗುವುದು ಕಡಿಮೆ. 2022ರ ನಿಯಮಾವಳಿಯಿಂದ ಎಂ.ಫಿಲ್. ಪದವಿಯೇ ನಿಂತಿದೆ. ಒಂದೇ ಹಳ್ಳಿ, ಒಂದೇ ಜಾತ್ರೆ, ಒಬ್ಬನೇ ಕವಿಯ ಮೇಲಿನ ಕೆಲಸ ಹೆಚ್ಚಾಗಿ ಇಂಥ ಸಣ್ಣ ಪ್ರಬಂಧಗಳಲ್ಲೇ ಇರುವುದರಿಂದ ಕಾಲೇಜಿನ ವಿಭಾಗದ ಕಪಾಟನ್ನು ಕೇಳಿ ನೋಡಬೇಕು. ವಿಶ್ವವಿದ್ಯಾಲಯದ ಗ್ರಂಥಪಾಲಕರಿಗೆ ಪತ್ರ ಬರೆಯುವಾಗ ಸಂಶೋಧಕರ ಹೆಸರು, ಶೀರ್ಷಿಕೆ, ವರ್ಷ, ಮಾರ್ಗದರ್ಶಕರ ಹೆಸರು, ಬೇಕಾದ ಅಧ್ಯಾಯ ಇಷ್ಟನ್ನೂ ತಿಳಿಸಿದರೆ ಕೆಲಸ ಬೇಗ ಆಗುತ್ತದೆ. ಎಷ್ಟೋ ಪ್ರಬಂಧಗಳು ಮುಂದೆ ಬೇರೆ ಹೆಸರಿನಲ್ಲಿ ಪುಸ್ತಕವಾಗಿ ಬಂದಿರುತ್ತವೆ. ಸಂಶೋಧಕರ ಹೆಸರಿನಿಂದ ಗ್ರಂಥಾಲಯದಲ್ಲಿ ವಿಚಾರಿಸಿ.

ಬಳಸುವಾಗ ನೆನಪಿಡಬೇಕಾದದ್ದು

ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿಯ ಬಲವಿದೆ. ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿ ಇರಬೇಕೆಂದು 350ಬಿ ಹೇಳುತ್ತದೆ. ಶಿಕ್ಷಕರ ನೇಮಕ, ಶಾಲೆ ಉಳಿಸುವ ವಿಷಯದಲ್ಲಿ ಅರ್ಜಿ ಕೊಡುವಾಗ ಅಭಿಮಾನದ ಮಾತಿಗಿಂತ ಅಂಕಿಸಂಖ್ಯೆಗೆ ತೂಕ ಹೆಚ್ಚು. ಪ್ರಬಂಧದಲ್ಲಿ ಸಿಕ್ಕ ಅಂಕಿಯನ್ನು ನೇರವಾಗಿ ಎತ್ತಿ ಬರೆಯಬೇಡಿ. ಅಡಿಟಿಪ್ಪಣಿಯಲ್ಲಿ ಅದರ ಮೂಲ ಜನಗಣತಿಯೋ, ಶಿಕ್ಷಣ ಇಲಾಖೆಯ ವರದಿಯೋ, ಭಾಷಾ ಅಲ್ಪಸಂಖ್ಯಾತರ ಆಯುಕ್ತರ ವರದಿಯೋ ನೋಡಿ, ಆ ಮೂಲವನ್ನು ಪುಟಸಂಖ್ಯೆಯೊಡನೆ ಕೊಡಿ. ಮೂಲ ಕಾಣಿಸದ ಅಂಕಿಯನ್ನು ಬಿಟ್ಟರೂ ನಷ್ಟವಿಲ್ಲ. ಕಚೇರಿಯಲ್ಲಿ ಒಂದು ಅಂಕಿ ತಪ್ಪೆಂದು ಕಂಡರೆ ಇಡೀ ಅರ್ಜಿ ಪಕ್ಕಕ್ಕೆ ಹೋಗುತ್ತದೆ.

ಎಲ್ಲ ಪ್ರಬಂಧಗಳೂ ಒಂದೇ ಗುಣದವಲ್ಲ. ಕ್ಷೇತ್ರಕಾರ್ಯ ಎಲ್ಲಿ, ಯಾವಾಗ, ಎಷ್ಟು ಜನರೊಡನೆ ಎಂದು ಸ್ಪಷ್ಟವಾಗಿ ಹೇಳಿದ್ದನ್ನು ನಂಬಿ, ಹೇಳದಿದ್ದರೆ ಸಂದೇಹವಿರಲಿ. ಓದಲು ಮುಕ್ತವಾಗಿದೆ ಎಂದರೆ ಹೆಸರು ಹೇಳದೆ ನಮ್ಮದೆಂದು ಅಚ್ಚು ಹಾಕಬಹುದು ಎಂದಲ್ಲ. ಸ್ಮರಣ ಸಂಚಿಕೆಗೆ ಲೇಖನ ಕಳುಹಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಸದಸ್ಯರಲ್ಲಿ ಕೋರಿಕೆ

ಗಡಿನಾಡಿನ ಪ್ರಬಂಧಗಳಿಗಾಗಿ ಸಂಘದಲ್ಲಿ ಒಂದು ರಿಜಿಸ್ಟರ್ ತೆರೆಯಲಾಗಿದೆ. ನಿಮಗೆ ಸಿಕ್ಕ ಪ್ರತಿ ಪ್ರಬಂಧಕ್ಕೂ ಆರು ವಿವರಗಳನ್ನು ಬರೆದು ಕಳುಹಿಸಿ: ಶೀರ್ಷಿಕೆ, ಸಂಶೋಧಕರು, ವಿಶ್ವವಿದ್ಯಾಲಯ ಮತ್ತು ವಿಭಾಗ, ವರ್ಷ, ಯಾವ ಊರಿನ ವಿಷಯ, ಕೊಂಡಿಯ ಸಂಖ್ಯೆ. ಶೋಧಗಂಗಾದ ಕೊಂಡಿ 10603 ಎಂಬ ಅಂಕಿ, ಅದರ ಮುಂದೆ ಓರೆಗೆರೆ, ಆಮೇಲೆ ಆ ಪ್ರಬಂಧದ ಸಂಖ್ಯೆ ಹೀಗಿರುತ್ತದೆ. ಇಷ್ಟು ಬರೆದಿಟ್ಟರೆ ಯಾರು ಬೇಕಾದರೂ ಮತ್ತೆ ಅಲ್ಲಿಗೇ ತಲುಪಬಹುದು. ವಕ್ತೃಗಳ ಪಟ್ಟಿಯಲ್ಲಿ ನಿಮ್ಮ ಊರಿನವರ ಹೆಸರು ಕಂಡರೆ ಆ ಮನೆಯವರಿಗೆ ಮೊದಲು ತಿಳಿಸಿ, ಆ ಪುಟಗಳ ಒಂದು ಮುದ್ರಿತ ಪ್ರತಿಯನ್ನು ಅವರ ಕೈಗೆ ಕೊಡಿ. ಆಮೇಲೆ ಸಂಘಕ್ಕೆ ಬರೆದರೂ ಸಾಕು.

– ಕಾರ್ಯದರ್ಶಿ