ಗಗನದಿಂದ ಕಂಡ ಅಚ್ಚುಕಟ್ಟು

ಕೃಷ್ಣರಾಜಸಾಗರದ ಕಟ್ಟೆಯ ಕೆಲಸವು 1911ರಲ್ಲಿ ಆರಂಭವಾಗಿ, ಕಾವೇರಿಯ ನೀರು ವಿಶ್ವೇಶ್ವರಯ್ಯ ನಾಲೆಯ ಮೂಲಕ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳಿಗೆ ಹರಿದ ಮೇಲೆ, ರಾಗಿಯ ಹೊಲಗಳನೇಕವು ಬತ್ತ ಕಬ್ಬುಗಳ ಗದ್ದೆಗಳಾದುವು. ನಾಲೆಯ ಕೊನೆಯವರೆಗೆ ನೀರು ಮುಟ್ಟಿತೇ, ಎಲ್ಲಿ ಯಾವ ಪೈರು ನಿಂತಿದೆ ಎಂಬ ವಿಚಾರವು ಅಂದಿನಿಂದಲೂ ಜೀವನದ ಪ್ರಶ್ನೆಯೇ ಆಗಿದೆ. ಪೂರ್ವದಲ್ಲಿ ಶಾನುಭೋಗನು ಹೊಲ ಸುತ್ತಿ ಪಹಣಿಯಲ್ಲಿ ಬರೆದುದೇ ಇದಕ್ಕೆ ಉತ್ತರವಾಗಿತ್ತು. ಈಗ ಗಗನದ ಚಿತ್ರಗಳೂ ಸಾಕ್ಷಿ ನುಡಿಯುತ್ತವೆ.

1858ರಲ್ಲಿ ಫ್ರಾನ್ಸಿನ ನಾದಾರನು ಬೆಲೂನನ್ನೇರಿ ಭೂಮಿಯ ಛಾಯಾಚಿತ್ರ ತೆಗೆದನು. 1972ರಲ್ಲಿ ಅಮೆರಿಕದ ಲ್ಯಾಂಡ್‌ಸ್ಯಾಟ್, 1979ರಲ್ಲಿ ನಮ್ಮ ಭಾಸ್ಕರ, 1988ರ ಮಾರ್ಚ್ 17ರಂದು ಐ.ಆರ್.ಎಸ್.-1ಎ ಉಪಗ್ರಹಗಳು ಅಂತರಿಕ್ಷವನ್ನು ಸೇರಿದುವು.

ಇಂತಹ ಚಿತ್ರದ ಗುಣಗಳು ನಾಲ್ಕು. ಮೊದಲನೆಯದು ಸೂಕ್ಷ್ಮತೆ. 1988ರ ಉಪಗ್ರಹದ ಒಂದು ಯಂತ್ರಕ್ಕೆ 72.5 ಮೀಟರು ಚೌಕದ ನೆಲವು, ಎಂದರೆ ಸುಮಾರು 1 ಎಕರೆ 12 ಗುಂಟೆ, ಒಂದೇ ಬಿಂದು. ಇನ್ನೊಂದಕ್ಕೆ ಸುಮಾರು 13 ಗುಂಟೆ. ಕಬ್ಬಿನ ನಡುವಣ ಬಡ ರೈತನ 20 ಗುಂಟೆ ರಾಗಿಯು ಮೊದಲನೆಯ ಕಣ್ಣಿಗೆ ಕಬ್ಬಿನಲ್ಲಿಯೇ ಬೆರೆತುಹೋಗಬಹುದು.

ಎರಡನೆಯದು ವರ್ಣಭೇದ. ಎಳೆಯ ಹಸುರು ಮನುಷ್ಯನಿಗೆ ಕಾಣದ ಅವರಕ್ತ ಕಿರಣವನ್ನು ಬಲವಾಗಿ ಪ್ರತಿಫಲಿಸುತ್ತದೆ, ನೀರು ಅದನ್ನು ನುಂಗುತ್ತದೆ. ಆದಕಾರಣ, ಪೈರಿಗೆ ಕೆಂಬಣ್ಣ ಕೊಡುವ ವಾಡಿಕೆಯ ಚಿತ್ರದಲ್ಲಿ, ನಾಟಿಗಾಗಿ ನೀರು ನಿಲ್ಲಿಸಿದ ಗದ್ದೆ ಕಪ್ಪಾಗಿಯೂ ತೆನೆಗೆ ಬರುವ ಪೈರು ಕೆಂಪಾಗಿಯೂ ತೋರುತ್ತದೆ.

ಮೂರನೆಯದು ಕಾಂತಿಯ ತಾರತಮ್ಯ. ಆ ಉಪಗ್ರಹವು ಕತ್ತಲೆ ಬೆಳಕುಗಳ ನಡುವೆ 128 ಮೆಟ್ಟಿಲುಗಳನ್ನು ಗುರುತಿಸುತ್ತಿತ್ತು. ನಾಲ್ಕನೆಯದು ಕಾಲ. ಅದು 22 ದಿನಗಳಿಗೊಮ್ಮೆ ಅದೇ ನೆಲದ ಮೇಲೆ ಬರುತ್ತಿತ್ತು. ಬತ್ತವು ಕೆಲವು ತಿಂಗಳಲ್ಲಿ ಕೊಯ್ಲಾಗುವುದು, ಕಬ್ಬು ಸುಮಾರು ವರ್ಷಪೂರ್ತಿ ನಿಲ್ಲುವುದು. ಆದುದರಿಂದ ಒಂದು ಚಿತ್ರ ಹೇಳಲಾರದುದನ್ನು ಸಾಲು ಚಿತ್ರಗಳು ಹೇಳುವುವು. ಆದರೆ ಮುಂಗಾರಿನ ಮೋಡವು ಈ ಸಾಲನ್ನು ಕಡಿಯುತ್ತದೆ.

ಒಂದು ಗುಣವು ಹೆಚ್ಚಿದರೆ ಮತ್ತೊಂದು ಕುಗ್ಗುವುದುಂಟು. 1995ರ ಐ.ಆರ್.ಎಸ್.-1ಸಿ ಉಪಗ್ರಹದ ಒಂದು ಯಂತ್ರವು 5.8 ಮೀಟರಿನಷ್ಟು ಸೂಕ್ಷ್ಮವನ್ನು ಕಂಡಿತು. ಗದ್ದೆಯ ಬದುಗಳನ್ನು ತೋರಿಸಬಲ್ಲ ಆ ಕಣ್ಣಿಗೆ ಬಣ್ಣಗಳ ಭೇದವೇ ಇರಲಿಲ್ಲ. ಆದಕಾರಣ ಚಿತ್ರ ಸ್ಪಷ್ಟವಾಗಿದ್ದ ಮಾತ್ರಕ್ಕೆ ಅದು ಎಲ್ಲವನ್ನೂ ಬಲ್ಲುದೆಂದು ತಿಳಿಯಲಾಗದು.

ಹೊಗೆಯನ್ನು ಕಂಡು ಬೆಂಕಿಯುಂಟೆಂಬುದು ಅನುಮಾನ. ಚಿತ್ರದ ಕೆಂಪೂ ಹೊಗೆಯಂತೆಯೇ ಲಿಂಗಮಾತ್ರವು. 'ಇದು ಕಬ್ಬು' ಎಂಬುದು ಅದನ್ನು ಓದಿದವರ ಅನುಮಾನ. ಅನುಮಾನಕ್ಕೆ ಪ್ರತ್ಯಕ್ಷದ ಬೆಂಬಲ ಬೇಕು. ಆದುದರಿಂದಲೇ ಚಿತ್ರವನ್ನು ಓದುವವರು ಆಯ್ದ ಹೊಲಗಳಿಗೆ ನಡೆದುಹೋಗಿ ಪರೀಕ್ಷಿಸುವರು. ಆ ನಡಿಗೆಯನ್ನು ಬಿಟ್ಟರೆ, ಲೆಕ್ಕದಲ್ಲಿ ಮೊದಲು ಕಾಣದಾಗುವುದು ನಾಲೆಯ ಕೊನೆಯ ಸಣ್ಣ ಹಿಡುವಳಿಯೇ.