ಪೂರ್ಣ ಗಾತ್ರದ ಲೆಕ್ಕ, ಪೂರ್ಣ ಗಾತ್ರದ ಅಳತೆ: ಹಡಗು ವಿನ್ಯಾಸದಲ್ಲಿ ಸಿಎಫ್‌ಡಿಯ ವಿಶ್ವಾಸಾರ್ಹತೆ

ಹಡಗಿನ ಒಡಲಿಗೆ ಆಕಾರ ಕೊಡುವ ಕೆಲಸದಲ್ಲಿ ಗಣಕೀಯ ದ್ರವಚಲನಶಾಸ್ತ್ರ, ಅಂದರೆ ಸಿಎಫ್‌ಡಿ, ಈಗ ದಿನನಿತ್ಯದ ಉಪಕರಣವಾಗಿದೆ. ಮೂತಿಯ ಉಬ್ಬು ಎಷ್ಟಿರಬೇಕು, ಪ್ರೊಪೆಲರಿನ ಮುಂದೆ ನಾಳ ಕೂರಿಸಿದರೆ ಇಂಧನ ಉಳಿಯುವುದೇ, ಚುಕ್ಕಾಣಿಯನ್ನು ತಿರುಚಿದ ಅಂಚಿನೊಂದಿಗೆ ಮಾಡಬೇಕೇ ಎಂಬ ಪ್ರಶ್ನೆಗಳಿಗೆ ಮೊದಲ ಉತ್ತರ ಇಂದು ಗಣಕದಿಂದಲೇ ಬರುತ್ತದೆ. ಆದರೆ ಆ ಉತ್ತರವನ್ನು ಯಾವುದರ ಎದುರು ಇಟ್ಟು ಪರೀಕ್ಷಿಸಿ ಒಪ್ಪಬೇಕು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಪೂರ್ಣ ಗಾತ್ರದ ಹಡಗನ್ನೇ ನೇರವಾಗಿ ಲೆಕ್ಕ ಹಾಕುವ ಶಕ್ತಿ ನಮಗೆ ಬಂದಿದೆ. ಆ ಲೆಕ್ಕವನ್ನು ಒರೆಗೆ ಹಚ್ಚಲು ಬೇಕಾದ ಪೂರ್ಣ ಗಾತ್ರದ ಅಳತೆಗಳು ಮಾತ್ರ ಬೆರಳೆಣಿಕೆಯಷ್ಟಿವೆ. ಇಂದಿನ ಮುಖ್ಯ ಕೊರತೆ ಗಣಕಶಕ್ತಿಯದಲ್ಲ, ಅಳತೆಯದು ಎಂಬುದು ಈ ಲೇಖನದ ವಾದ.

ಗಾತ್ರದ ತೊಡಕು

ಇಂಗ್ಲೆಂಡಿನ ವಿಲಿಯಂ ಫ್ರೂಡ್ 1872ರಲ್ಲಿ ಟಾರ್ಕೀಯಲ್ಲಿ ಹಡಗಿನ ಮಾದರಿಗಳನ್ನು ಎಳೆದು ಪರೀಕ್ಷಿಸುವ ಉದ್ದನೆಯ ಕೊಳ ಕಟ್ಟಿಸಿದರು. ಹಡಗಿನ ಮೇಲಿನ ತಡೆಯನ್ನು ಅಲೆ ಎಬ್ಬಿಸುವುದರಿಂದ ಬರುವ ಪಾಲು, ನೀರಿನ ಉಜ್ಜುವಿಕೆಯಿಂದ ಬರುವ ಪಾಲು ಎಂದು ಎರಡಾಗಿ ಒಡೆದದ್ದು ಅವರ ದೊಡ್ಡ ಸಾಧನೆ. ಮೊದಲನೆಯದನ್ನು ಮಾದರಿಯಿಂದ ಹಡಗಿಗೆ ಒಯ್ಯಬೇಕಾದರೆ ಎರಡರಲ್ಲೂ ಫ್ರೂಡ್ ಸಂಖ್ಯೆ ಒಂದೇ ಇರಬೇಕು. ಎರಡನೆಯದಕ್ಕೆ ರೆನಾಲ್ಡ್ಸ್ ಸಂಖ್ಯೆ ಒಂದೇ ಇರಬೇಕು. ಈ ಎರಡು ಷರತ್ತುಗಳು ನೀರಿನಲ್ಲಿ ಒಟ್ಟಿಗೆ ಈಡೇರುವುದಿಲ್ಲ.

ಅಂತರ ಎಷ್ಟೆಂದು ತಿಳಿಯಲು ಕೆಸಿಎಸ್ ಎಂಬ ಹೆಸರಾಂತ ಕಂಟೇನರ್ ಹಡಗಿನ ವಿನ್ಯಾಸವನ್ನು ನೋಡಬಹುದು. ಕೊರಿಯಾದ ಕ್ರಿಸೊ ಸಂಸ್ಥೆ ರೂಪಿಸಿದ ಈ ಹಡಗಿನ ಉದ್ದ 230 ಮೀಟರ್, ವೇಗ 24 ನಾಟ್, ಎಂದರೆ ಸೆಕೆಂಡಿಗೆ ಸುಮಾರು 12.35 ಮೀಟರ್. ಕೊಳದಲ್ಲಿ ಎಳೆದ ಮಾದರಿ 31.6 ಪಟ್ಟು ಚಿಕ್ಕದು, ಉದ್ದ ಸುಮಾರು 7.28 ಮೀಟರ್. ಫ್ರೂಡ್ ಸಂಖ್ಯೆ 0.26 ಆಗಲು ಮಾದರಿಯನ್ನು ಸೆಕೆಂಡಿಗೆ 2.2 ಮೀಟರ್ ವೇಗದಲ್ಲಿ ಎಳೆದರೆ ಸಾಕು. ರೆನಾಲ್ಡ್ಸ್ ಸಂಖ್ಯೆಯನ್ನೂ ಸರಿಹೊಂದಿಸಹೊರಟರೆ ಅದೇ ಮಾದರಿಯನ್ನು ಸೆಕೆಂಡಿಗೆ ಸುಮಾರು 390 ಮೀಟರ್ ವೇಗದಲ್ಲಿ ಎಳೆಯಬೇಕಾಗುತ್ತದೆ. ಅದು ಸಾಧ್ಯವಿಲ್ಲದ ಮಾತು. ಹಾಗಾಗಿ ಮಾದರಿ 1.4 ಕೋಟಿ ರೆನಾಲ್ಡ್ಸ್ ಸಂಖ್ಯೆಯಲ್ಲಿ ಓಡಿದರೆ ನಿಜವಾದ ಹಡಗು ಸುಮಾರು 240 ಕೋಟಿಯಲ್ಲಿ ಓಡುತ್ತದೆ.

ಮಾದರಿ ಪರೀಕ್ಷಾ ಕೊಳಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಟಿಟಿಸಿ 1957ರಲ್ಲಿ ಒಪ್ಪಿದ ಸೂತ್ರದಲ್ಲಿ ಈ ಸಂಖ್ಯೆಗಳನ್ನಿಟ್ಟರೆ ಘರ್ಷಣೆಯ ಗುಣಾಂಕ ಮಾದರಿಗೆ 0.00283, ಹಡಗಿಗೆ 0.00138 ಬರುತ್ತದೆ. ಮಾದರಿಯ ಮೇಲೆ ಅಳೆದ ಒಟ್ಟು ತಡೆಯ ಗುಣಾಂಕ ಸುಮಾರು 0.00356. ಅಂದರೆ ಕೊಳದಲ್ಲಿ ಶೇ 80ರಷ್ಟಿರುವ ಘರ್ಷಣೆಯ ಪಾಲು, ಒಡಲಿನ ಒರಟುತನ ಬಿಟ್ಟು ನೋಡಿದರೆ, ಸಮುದ್ರದಲ್ಲಿ ಶೇ 65ಕ್ಕೆ ಇಳಿಯುತ್ತದೆ. ಒಡಲಿಗೆ ಅಂಟಿಕೊಂಡು ನಿಧಾನವಾಗಿ ಸಾಗುವ ನೀರಿನ ಪದರ, ಅಂದರೆ ಸೀಮಾಸ್ತರ, ಉದ್ದಕ್ಕೆ ಹೋಲಿಸಿದರೆ ಮಾದರಿಯಲ್ಲಿ ದಪ್ಪ, ಹಡಗಿನಲ್ಲಿ ತೆಳು. ಪ್ರೊಪೆಲರ್ ತಿರುಗುವುದು ಈ ಪದರದೊಳಗೇ. ಕೊಳದಲ್ಲಿ ಅದಕ್ಕೆ ಸಿಗುವ ನೀರು ಒಂದು ಬಗೆ, ಕಡಲಿನಲ್ಲಿ ಸಿಗುವುದು ಇನ್ನೊಂದು ಬಗೆ.

ಅಲೆಯ ಪಾಲನ್ನು ಲೆಕ್ಕದಿಂದ ಹಿಡಿಯುವ ಯತ್ನ ಹಳೆಯದು: ಆಸ್ಟ್ರೇಲಿಯಾದ ಗಣಿತಜ್ಞ ಜಾನ್ ಹೆನ್ರಿ ಮಿಶೆಲ್ 1898ರಲ್ಲೇ ತೆಳು ಒಡಲಿನ ಹಡಗಿಗೆ ಸೂತ್ರ ಕೊಟ್ಟಿದ್ದರು. ಸ್ನಿಗ್ಧತೆಯನ್ನು ಒಳಗೊಂಡ ಲೆಕ್ಕಕ್ಕೆ ಗಣಕ ಬರಬೇಕಾಯಿತು. 1972ರಲ್ಲಿ ಸುಹಾಸ್ ಪಾಟಣಕರ್ ಮತ್ತು ಬ್ರಯಾನ್ ಸ್ಪಾಲ್ಡಿಂಗ್ ಪ್ರಕಟಿಸಿದ ಕ್ರಮದಿಂದ ವೇಗ, ಒತ್ತಡಗಳ ಸಮೀಕರಣಗಳನ್ನು ಒಂದಕ್ಕೊಂದು ಹೊಂದಿಸಿ ಬಿಡಿಸುವ ದಾರಿ ಸುಗಮವಾಯಿತು. 1981ರಲ್ಲಿ ಹರ್ಟ್ ಮತ್ತು ನಿಕೋಲ್ಸ್, ಲೆಕ್ಕದ ಜಾಲದ ಪ್ರತಿ ಕೋಶದಲ್ಲಿ ನೀರೆಷ್ಟು ಗಾಳಿಯೆಷ್ಟು ಎಂದು ಲೆಕ್ಕವಿಟ್ಟು ನೀರಿನ ಮೇಲ್ಮೈಯನ್ನು ಗುರುತಿಸುವ ವಿಧಾನ ಕೊಟ್ಟರು. 1994ರಲ್ಲಿ ಮೆಂಟರ್ ಅವರ ಪ್ರಕ್ಷುಬ್ಧತೆಯ ಮಾದರಿ ಬಂದಿತು. ಇಂದು ಬಳಕೆಯಲ್ಲಿರುವ ಬಹುತೇಕ ಹಡಗು ಲೆಕ್ಕಗಳು ಈ ಮೂರರ ಮೇಲೆ, ಇಲ್ಲವೇ ಇವುಗಳ ಸಂತತಿಯ ಮೇಲೆ ನಿಂತಿವೆ.

ಕಾರ್ಯಾಗಾರಗಳು ಹೇಳಿದ್ದು, ಹೇಳದೆ ಬಿಟ್ಟದ್ದು

ಈ ವಿದ್ಯೆ ಬೆಳೆದ ರೀತಿಯಲ್ಲಿ ಒಂದು ಶಿಸ್ತಿದೆ, ಅದು ಮೆಚ್ಚತಕ್ಕದ್ದು. 1980ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಆರಂಭವಾದ ಕಾರ್ಯಾಗಾರಗಳ ಸರಣಿ ಅಲ್ಲಿಯೂ ಟೋಕಿಯೊದಲ್ಲಿಯೂ ಹಲವು ವರ್ಷಗಳಿಗೊಮ್ಮೆ ನಡೆಯುತ್ತ ಬಂದಿದೆ. ಒಂದೇ ಒಡಲನ್ನು ಎಲ್ಲ ತಂಡಗಳೂ ತಂತಮ್ಮ ವಿಧಾನದಲ್ಲಿ ಲೆಕ್ಕ ಹಾಕುತ್ತವೆ. ಫಲಿತಾಂಶಗಳನ್ನು ಒಟ್ಟಿಗೆ ಮುಂದಿಟ್ಟು ಮಾದರಿಯ ಅಳತೆಯೊಂದಿಗೆ ಹೋಲಿಸುತ್ತಾರೆ. ಮೊದಲ ಕಾರ್ಯಾಗಾರದ ಸೀಮಾಸ್ತರ ವಿಧಾನಗಳು ಹಡಗಿನ ಹಿಂಬದಿಯಲ್ಲಿ ಪೂರ್ತಿ ಸೋತವು. 1990ರ ಹೊತ್ತಿಗೆ ಹಿಂಬದಿಯ ಹರಿವು ಲೆಕ್ಕಕ್ಕೆ ಸಿಕ್ಕಿತಾದರೂ, ಪ್ರೊಪೆಲರ್ ಇರುವಲ್ಲಿನ ವೇಗದ ಸಮರೇಖೆಗಳಲ್ಲಿ ಅಳತೆ ತೋರಿಸುತ್ತಿದ್ದ ಕೊಕ್ಕೆಯಾಕಾರ ಬಹುತೇಕ ಲೆಕ್ಕಗಳಲ್ಲಿ ಮಾಯವಾಗಿತ್ತು. ಪ್ರಕ್ಷುಬ್ಧತೆ ಎಲ್ಲ ದಿಕ್ಕಿಗೂ ಒಂದೇ ಸಮ ಎಂಬ ಊಹೆಯನ್ನು ಸಡಿಲಿಸಿದ ಮೇಲೆ ಆ ಕೊಕ್ಕೆ ಕಾಣಿಸಿಕೊಂಡಿತು. 2010ರ ಕಾರ್ಯಾಗಾರದಲ್ಲಿ ಎಲ್ಲ ತಂಡಗಳ ತಡೆ ಲೆಕ್ಕವನ್ನೂ ಸೇರಿಸಿ ನೋಡಿದಾಗ ಸರಾಸರಿ ದೋಷ ಸೊನ್ನೆಯ ಹತ್ತಿರವಿತ್ತು, ಹರಹು ಸುಮಾರು ಶೇ 2 ಮಾತ್ರ. ಮೂವತ್ತು ವರ್ಷಗಳಲ್ಲಿ ಇದು ನಿಜಕ್ಕೂ ದೊಡ್ಡ ದೂರ.

ಆದರೆ ಈ ಯಶಸ್ಸಿನ ಮಿತಿ ಅದರ ಆಧಾರದಲ್ಲೇ ಇದೆ. 2010ರಲ್ಲಿ ಬಳಸಿದ ಮೂರು ಒಡಲುಗಳೆಂದರೆ ಕೆಸಿಎಸ್, ಕೆವಿಎಲ್‌ಸಿಸಿ2 ಎಂಬ ಟ್ಯಾಂಕರ್, ಡಿಟಿಎಂಬಿ 5415 ಎಂಬ ಯುದ್ಧನೌಕೆಯ ವಿನ್ಯಾಸ. ಈ ಮೂರರಲ್ಲಿ ಒಂದನ್ನೂ ಪೂರ್ಣ ಗಾತ್ರದಲ್ಲಿ ಯಾರೂ ಕಟ್ಟಿಲ್ಲ. 2015ರ ಟೋಕಿಯೊ ಕಾರ್ಯಾಗಾರಕ್ಕೆ ಜಪಾನೀಯರು ಸಿದ್ಧಪಡಿಸಿದ ಜೆಬಿಸಿ ಎಂಬ ಸರಕು ಹಡಗೂ ಅಂಥದ್ದೇ. ಜಗತ್ತಿನ ಸಿಎಫ್‌ಡಿ ತಜ್ಞರು ಕೈ ಪಳಗಿಸಿಕೊಂಡ ಹಡಗುಗಳು ಕಡಲನ್ನು ಕಂಡಿಲ್ಲ. ಅವು ಇರುವುದು ಕೊಳದ ಮಾದರಿಗಳಾಗಿ ಮಾತ್ರ. ಆದ್ದರಿಂದ ಶೇ 2ರ ನಿಖರತೆ ಎಂಬ ಮಾತು ಏಳು ಮೀಟರ್ ಉದ್ದದ ಮಾದರಿಗೆ ಸಲ್ಲುತ್ತದೆ. ಅದನ್ನು ಹಾಗೆಯೇ ಎತ್ತಿ 230 ಮೀಟರಿನ ಹಡಗಿಗೆ ಹೇಳಲು ಪುರಾವೆ ಸಾಲದು.

ಗೋಡೆಯ ಬಳಿಯ ಮೈಕ್ರಾನುಗಳು

ಪೂರ್ಣ ಗಾತ್ರದ ಲೆಕ್ಕದಲ್ಲಿ ಕಷ್ಟ ಎಲ್ಲಿದೆ ಎಂಬುದು ಅದೇ ಕೆಸಿಎಸ್‌ನಿಂದ ಗೊತ್ತಾಗುತ್ತದೆ. ಒಡಲಿನ ಪಕ್ಕದ ಹರಿವನ್ನು ಯಾವ ಅಡ್ಡದಾರಿಯನ್ನೂ ಹಿಡಿಯದೆ ಬಿಡಿಸಬೇಕಾದರೆ ಜಾಲದ ಮೊದಲ ಕೋಶದ ದಪ್ಪ ಸ್ನಿಗ್ಧತೆಯ ಅಳತೆಗೋಲಿಗೆ ಸಮನಾಗಿರಬೇಕು. ಮೇಲಿನ ಘರ್ಷಣೆ ಗುಣಾಂಕದಿಂದ ಲೆಕ್ಕ ಹಾಕಿದರೆ ಆ ದಪ್ಪ ಸುಮಾರು 4 ಮೈಕ್ರಾನ್. 230 ಮೀಟರ್ ಉದ್ದದ ಒಡಲಿಗೆ 4 ಮೈಕ್ರಾನಿನ ಕೋಶಗಳು! ಉದ್ದಕ್ಕೂ ದಪ್ಪಕ್ಕೂ ಇಷ್ಟು ವ್ಯತ್ಯಾಸವಿರುವ ಕೋಶಗಳಲ್ಲಿ ಲೆಕ್ಕ ನೆಲೆಗೆ ನಿಲ್ಲುವುದು ಕಷ್ಟ. ಹಾಗಾಗಿ ಬಹುತೇಕರು ಗೋಡೆಯ, ಅಂದರೆ ಒಡಲಿನ ಮೈಯ, ಬಳಿಯ ಹರಿವಿಗೆ ಸಿದ್ಧ ಸೂತ್ರವೊಂದನ್ನು ಬಳಸಿ ಮೊದಲ ಕೋಶವನ್ನು ದೂರಕ್ಕೆ ಸರಿಸುತ್ತಾರೆ.

ಇದನ್ನು ಗಣಕದ ಬಡತನವೆಂದು ಮಾತ್ರ ತಿಳಿಯಬಾರದು. ಐಟಿಟಿಸಿ ಹೊಸ ಹಡಗಿಗೆ ರೂಢಿಯಂತೆ ಇಟ್ಟುಕೊಳ್ಳುವ ಒಡಲಿನ ಒರಟುತನ 150 ಮೈಕ್ರಾನ್. ಈ ಅಳತೆ ಪ್ರಯೋಗಶಾಲೆಯ ಮರಳು ಒರಟುತನಕ್ಕೆ ನೇರ ಸಮವಲ್ಲ, ನಿಜ. ಆದರೂ 4 ಮೈಕ್ರಾನಿನ ಪಕ್ಕದಲ್ಲಿ 150 ಮೈಕ್ರಾನನ್ನು ಇಟ್ಟು ನೋಡಿದರೆ, ನುಣುಪಾದ ಗೋಡೆಯೆಂದು ಭಾವಿಸಿ ಮಾಡುವ ಸೂಕ್ಷ್ಮ ಲೆಕ್ಕ ಇಲ್ಲದ ಹಡಗೊಂದರ ಲೆಕ್ಕವಾಗುತ್ತದೆ ಎಂಬುದು ಸ್ಪಷ್ಟ. ಬಣ್ಣದ ಬಗೆ, ಬೆಸುಗೆಯ ಅಂಚುಗಳು, ತಿಂಗಳುಗಟ್ಟಲೆ ಬಂದರಿನಲ್ಲಿ ನಿಂತರೆ ಹತ್ತುವ ಪಾಚಿ, ಬಾರ್ನಕಲ್ ಇವೆಲ್ಲ ಒರಟುತನದ ಒಂದೇ ಸಂಖ್ಯೆಯೊಳಗೆ ಅಡಗುತ್ತವೆ. ಆ ಸಂಖ್ಯೆಯನ್ನು ಕೊಂಚ ಅತ್ತಿತ್ತ ಸರಿಸಿದರೆ ಫಲಿತಾಂಶ ಬೇಕಾದಲ್ಲಿಗೆ ಬಂದು ನಿಲ್ಲುತ್ತದೆ. ಅಪಾಯ ಇರುವುದು ಇಲ್ಲಿಯೇ.

ಮಾದರಿಯ ಗಾತ್ರದಲ್ಲಿ ಇದಕ್ಕೆ ತದ್ವಿರುದ್ಧವಾದ ತೊಡಕಿದೆ. ಅಲ್ಲಿ ಹರಿವು ಮೂತಿಯ ಬಳಿ ಇನ್ನೂ ಪ್ರಕ್ಷುಬ್ಧವಾಗಿರುವುದಿಲ್ಲ. ಮರಳಿನ ಪಟ್ಟಿಯನ್ನೋ ಸಣ್ಣ ಗುಬಟುಗಳನ್ನೋ ಅಂಟಿಸಿ ಅದನ್ನು ಬಲವಂತವಾಗಿ ಕದಡಬೇಕಾಗುತ್ತದೆ. ಪ್ರೊಪೆಲರಿನ ಮಾದರಿಯಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಹೀಗೆ ನಯವಾದ ಹರಿವು ಪ್ರಕ್ಷುಬ್ಧವಾಗುವ ಹಂತದ ಅಧ್ಯಯನಕ್ಕೆ ಬೆಂಗಳೂರಿನ ಕೊಡುಗೆ ಮೂಲಭೂತವಾದದ್ದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಮತ್ತು ರೊದ್ದಂ ನರಸಿಂಹ 1958ರಲ್ಲಿ ಪ್ರಕಟಿಸಿದ ಪ್ರಬಂಧ, ಒಂದು ಬಿಂದುವಿನಲ್ಲಿ ಹರಿವು ಎಷ್ಟು ಪಾಲು ಹೊತ್ತು ಪ್ರಕ್ಷುಬ್ಧವಾಗಿರುತ್ತದೆ ಎಂಬುದಕ್ಕೆ ಎಲ್ಲೆಡೆ ಸಲ್ಲುವ ಒಂದು ರೂಪವನ್ನು ತೋರಿಸಿತು. ಮಾದರಿ ಪ್ರೊಪೆಲರುಗಳ ಲೆಕ್ಕಕ್ಕೆ ಇಂದು ಬಳಸುವ ಹಲವು ಪರಿವರ್ತನಾ ಮಾದರಿಗಳಲ್ಲಿ ಈ ಪರಿಕಲ್ಪನೆಯೇ ಕೇಂದ್ರದಲ್ಲಿದೆ.

ಇಂಧನ ಉಳಿಸುವ ಉಪಕರಣಗಳಲ್ಲಿ ಗಾತ್ರದ ಈ ಪ್ರಶ್ನೆ ನೇರವಾಗಿ ಹಣದ ಪ್ರಶ್ನೆಯಾಗುತ್ತದೆ. ಪ್ರೊಪೆಲರಿನ ಮುಂದೆ ಕೂರಿಸುವ ನಾಳ ಒಡಲಿನ ಹಿಂದಿನ ನಿಧಾನ ಹರಿವಿನಲ್ಲಿ ಕೆಲಸ ಮಾಡುತ್ತದೆ. ಆ ನಿಧಾನ ಹರಿವಿನ ವಲಯ ಮಾದರಿಯಲ್ಲಿ ಅಗಲ, ಹಡಗಿನಲ್ಲಿ ಕಿರಿದು. ಕೊಳದಲ್ಲಿ ಲಾಭ ತೋರಿಸಿದ ನಾಳ ಕಡಲಿನಲ್ಲಿ ಅಷ್ಟೇ ಲಾಭ ಕೊಡುತ್ತದೆಂಬ ಖಾತರಿ ಇಲ್ಲ. ನಾಳದ ರೆಕ್ಕೆಗಳ ಕೋನವನ್ನು ಮಾದರಿಗೆ ಹೊಂದಿಸಿದರೆ ಹಡಗಿಗೆ ಅದು ತಪ್ಪಾಗಬಹುದು. ಇಂಥಲ್ಲಿ ಪೂರ್ಣ ಗಾತ್ರದ ಸಿಎಫ್‌ಡಿ ಬಿಟ್ಟರೆ ವಿನ್ಯಾಸಕಾರನಿಗೆ ಬೇರೆ ದಾರಿ ಕಡಿಮೆ, ನಾನೂ ಅದನ್ನೇ ಸೂಚಿಸುತ್ತೇನೆ. ಆದರೆ ಆಗ ಉತ್ತರದ ಹೊಣೆ ಪೂರ್ತಿಯಾಗಿ ಲೆಕ್ಕದ ಮೇಲೆ ಬೀಳುತ್ತದೆ.

ನಿಜ ಹಡಗನ್ನು ಅಳೆದವರು

ಫ್ರೂಡ್ ಕೊಳದ ಫಲಿತಾಂಶವನ್ನೇ ನಂಬಿ ಸುಮ್ಮನಾಗಲಿಲ್ಲ. 1870ರ ದಶಕದ ಮೊದಲಲ್ಲಿ ಅವರು ಗ್ರೇಹೌಂಡ್ ಎಂಬ ನೌಕೆಯನ್ನೇ ಆ್ಯಕ್ಟಿವ್ ಎಂಬ ಇನ್ನೊಂದು ನೌಕೆಯಿಂದ ಎಳೆಸಿ ಹಗ್ಗದ ಬಲವನ್ನು ಅಳೆದರು. ಮಾದರಿಯಿಂದ ಕಂಡುಕೊಂಡ ತಡೆಯೊಂದಿಗೆ ಅದು ತಾಳೆಯಾಯಿತು. ಕೊಳದ ಪರೀಕ್ಷೆಗೆ ಮಾನ್ಯತೆ ತಂದದ್ದು ಈ ತಾಳೆಯೇ. 1950ರ ಸುಮಾರಿಗೆ ಬ್ರಿಟಿಷ್ ಸಂಶೋಧಕರು ಲೂಸಿ ಆ್ಯಷ್ಟನ್ ಎಂಬ ಹಳೆಯ ಸ್ಟೀಮರಿನ ನೀರು ತಳ್ಳುವ ಚಕ್ರಗಳನ್ನು ತೆಗೆದು, ನಾಲ್ಕು ಜೆಟ್ ಎಂಜಿನ್‌ಗಳನ್ನು ಕೂರಿಸಿ ಸ್ಕಾಟ್‌ಲೆಂಡಿನ ಗೇರ್‌ಲಾಕ್ ನೀರಿನಲ್ಲಿ ಓಡಿಸಿದರು. ನೂಕುಬಲ ಗಾಳಿಯಿಂದ ಬಂದದ್ದರಿಂದ ಒಡಲಿನ ಸುತ್ತಲ ನೀರು ಕದಡಲಿಲ್ಲ, ತಡೆಯನ್ನು ನೇರವಾಗಿ ಅಳೆಯಲು ಸಾಧ್ಯವಾಯಿತು. ಇಂಥ ಅಳತೆಗಳು ಇವತ್ತಿಗೂ ಅಪರೂಪ.

ಸಾಮಾನ್ಯ ಸಮುದ್ರ ಪರೀಕ್ಷೆಯಲ್ಲಿ ಸಿಗುವುದು ಹಡಗಿನ ವೇಗ, ಪ್ರೊಪೆಲರ್ ದಂಡದ ತಿರುಚುಬಲ, ಸುತ್ತುಗಳ ಸಂಖ್ಯೆ. ಒಡಲಿನ ತಡೆ ಅಲ್ಲಿ ಬೇರೆಯಾಗಿ ಕಾಣುವುದಿಲ್ಲ. ಲೆಕ್ಕದಲ್ಲಿ ತಡೆ ಕಡಿಮೆ ಬಂದು, ಪ್ರೊಪೆಲರಿನ ದಕ್ಷತೆಯೂ ಕಡಿಮೆ ಬಂದರೆ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡು ಶಕ್ತಿಯ ಅಂಕಿ ಸರಿಯಾಗಿಯೇ ಕಾಣಬಹುದು. ಆ ಅಂಕಿಯ ಆಧಾರದಲ್ಲಿ ಮುಂದಿನ ಹಡಗಿಗೆ ಬೇರೆ ಪ್ರೊಪೆಲರ್ ಹಾಕಿದಾಗ ತಪ್ಪು ಹೊರಬೀಳುತ್ತದೆ. ಶಕ್ತಿ ತಾಳೆಯಾಯಿತೆಂಬ ಒಂದೇ ಕಾರಣಕ್ಕೆ ಲೆಕ್ಕವನ್ನು ಪ್ರಮಾಣವೆಂದು ಸ್ವೀಕರಿಸುವ ಪ್ರಬಂಧಗಳನ್ನು ನಮ್ಮ ಪತ್ರಿಕೆಗಳು ಒಪ್ಪಬಾರದು. ಕನಿಷ್ಠ ಮೂರು ಜಾಲಗಳಲ್ಲಿ ಲೆಕ್ಕ ಹಾಕಿ ಫಲಿತಾಂಶ ಎಷ್ಟು ಅಲುಗುತ್ತದೆಂದು ತೋರಿಸದ ಪ್ರಬಂಧಗಳನ್ನೂ ಹಾಗೆಯೇ.

ಪೂರ್ಣ ಗಾತ್ರದ ಅಳತೆಯ ದಿಕ್ಕಿನಲ್ಲಿ 2016ರಲ್ಲಿ ಸೌತಾಂಪ್ಟನ್ನಿನಲ್ಲಿ ಲಾಯ್ಡ್ಸ್ ರಿಜಿಸ್ಟರ್ ನಡೆಸಿದ ಕಾರ್ಯಾಗಾರ ಮಹತ್ವದ್ದು. ರೀಗಲ್ ಎಂಬ ಸರಕು ಹಡಗಿನ ಒಡಲನ್ನೂ ಪ್ರೊಪೆಲರನ್ನೂ ಲೇಸರಿನಿಂದ ಅಳೆದು, ಸಮುದ್ರ ಪರೀಕ್ಷೆ ನಡೆಸಿ, ಅದರ ಫಲಿತಾಂಶವನ್ನು ಮುಚ್ಚಿಟ್ಟು ತಂಡಗಳಿಂದ ಲೆಕ್ಕ ಕೇಳಲಾಯಿತು. ಉತ್ತರ ಮೊದಲೇ ಗೊತ್ತಿಲ್ಲದ ಪರೀಕ್ಷೆಯೇ ನಿಜವಾದ ಪರೀಕ್ಷೆ. ಮುಂದೆ ಜೋರೆಸ್ ಎಂಬ ಅಂತರರಾಷ್ಟ್ರೀಯ ಯೋಜನೆ ಇಂಥ ಹಲವು ಹಡಗುಗಳ ಅಳತೆಗಳನ್ನು ಒಟ್ಟುಗೂಡಿಸುವ ಕೆಲಸ ಕೈಗೊಂಡಿತು. ನಿಯಮಗಳ ಲೋಕವೂ ಇತ್ತ ವಾಲಿದೆ: 2023ರಿಂದ ಜಾರಿಯಾದ, ಈಗಾಗಲೇ ಓಡಾಡುತ್ತಿರುವ ಹಡಗುಗಳ ಇಂಧನ ದಕ್ಷತೆಯ ಸೂಚ್ಯಂಕದಲ್ಲಿ ಹಡಗಿನ ವೇಗವನ್ನು ಗಣಕದ ಲೆಕ್ಕದಿಂದ ತೋರಿಸಲು ಅವಕಾಶವಿದೆ. ಲೆಕ್ಕಕ್ಕೆ ಕಾನೂನಿನ ತೂಕ ಬಂದಾಗ ಅಳತೆಯ ಜವಾಬ್ದಾರಿಯೂ ಅಷ್ಟೇ ಹೆಚ್ಚುತ್ತದೆ.

ಈ ವಿಷಯದಲ್ಲಿ ಭಾರತಕ್ಕೆ, ಅದರಲ್ಲೂ ಕರಾವಳಿಗೆ, ಕೈಗೆಟುಕುವ ಒಂದು ಅವಕಾಶವಿದೆ. ಬಂದರಿನ ಟಗ್‌ಗಳನ್ನು ಹಸ್ತಾಂತರಿಸುವ ಮುನ್ನ ದಡದ ಬೊಲಾರ್ಡಿಗೆ ಕಟ್ಟಿ, ಪೂರ್ಣ ಶಕ್ತಿಯಲ್ಲಿ ಎಳೆಸಿ, ಹಗ್ಗದ ಬಲವನ್ನು ಅಳೆದು ಪ್ರಮಾಣಪತ್ರ ಕೊಡುತ್ತಾರೆ. ದೋಣಿ ನಿಂತಲ್ಲೇ ಇರುವುದರಿಂದ ಅಲೆ ತಡೆ ಇಲ್ಲ, ಒಡಲಿನ ಘರ್ಷಣೆ ನಗಣ್ಯ. ಉಳಿಯುವುದು ಪ್ರೊಪೆಲರ್, ಅದನ್ನು ಸುತ್ತಿದ ನಳಿಗೆ, ಒಡಲಿಗೆ ಬಡಿಯುವ ಹರಿವು. ಸಮುದ್ರ ಪರೀಕ್ಷೆಯಲ್ಲಿ ಬೆರೆತುಹೋಗುವ ಅಂಶಗಳು ಇಲ್ಲಿ ತಾವಾಗಿ ಬೇರೆಯಾಗುತ್ತವೆ, ಬಲವೂ ನೇರವಾಗಿ ಅಳತೆಗೆ ಸಿಗುತ್ತದೆ. 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ವಹಿಸಿಕೊಂಡ ಮಲ್ಪೆಯ ಶಿಪ್‌ಯಾರ್ಡ್ ಇಂದು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರಿನಲ್ಲಿ ಸುಮಾರು 60 ಟನ್ ಎಳೆಬಲದ ಟಗ್‌ಗಳನ್ನು ಕಟ್ಟುತ್ತಿದೆ. ಅಲ್ಲಿಂದ ಸುರತ್ಕಲ್‌ನ ಎನ್‌ಐಟಿಕೆ ದೂರವೇನಲ್ಲ. ಹರಿವಿನ ಲೆಕ್ಕ ಬಲ್ಲವರು ಬೆಂಗಳೂರಿನಲ್ಲೂ ಖರಗಪುರ, ಚೆನ್ನೈಗಳ ಐಐಟಿಗಳಲ್ಲೂ ಇದ್ದಾರೆ.

ಆದ್ದರಿಂದ ಶಿಪ್‌ಯಾರ್ಡುಗಳಲ್ಲಿ ನನ್ನ ಕೋರಿಕೆ ಇಷ್ಟು. ಒಂದೇ ಒಂದು ಟಗ್ಗಿನ ಒಡಲು, ನಳಿಗೆ, ಪ್ರೊಪೆಲರುಗಳ ನಿಖರ ಆಕಾರವನ್ನು, ಅದರ ಬೊಲಾರ್ಡ್ ಪರೀಕ್ಷೆಯ ಪೂರ್ಣ ದಾಖಲೆಯನ್ನು, ಆ ದಿನದ ನೀರಿನ ಆಳ, ದಡದ ದೂರ, ದಂಡದ ಶಕ್ತಿಯ ವಿವರಗಳೊಂದಿಗೆ, ಮಾಲೀಕರ ಒಪ್ಪಿಗೆ ಪಡೆದು ಸಂಶೋಧಕರಿಗೆ ಮುಕ್ತವಾಗಿ ಕೊಡಿ. ಅಳೆದ ಬಲವನ್ನು ಮಾತ್ರ ಕೆಲವು ತಿಂಗಳು ಮುಚ್ಚಿಡಿ, ಅಷ್ಟರಲ್ಲಿ ನಮ್ಮ ವಿಶ್ವವಿದ್ಯಾಲಯಗಳು ತಂತಮ್ಮ ಲೆಕ್ಕವನ್ನು ಸಲ್ಲಿಸಲಿ.